ಉಪ್ಪುನೀರಿನ ಕ್ಯಾನು

ಇದನ್ನು ನೀವು ಪೂರ್ತಿ ಕೇಳಲೇಬೇಕು. ನಾತಕ್ಕೆ ಮೂಗು ಮುಚ್ಚಿಕೊಂಡರೂ ಪರವಾಗಿಲ್ಲ, ಕಿವಿ ಮಾತ್ರ ಮುಚ್ಚಬೇಡಿ.

ಶೈನಿ ಮೊದಲ ದಿನವೇ ಆ ನಾತಕ್ಕೆ ಮೂಗು ಮುಚ್ಚಿಕೊಂಡಿದ್ದಳು. ಭಾಲ್ಕಿಯಿಂದ ದಿನಾ ಬಸ್ಸಿನಲ್ಲಿ ಬೀದರಿಗೆ ಬಂದು, ಓಂಪ್ರಕಾಶ ಶೇಟರ ಸಣ್ಣ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಹುಡುಗಿ ಅವಳು. ಅಲ್ಲಿಗೆ ದೂರದ ಎಣ್ಣೆಬಾವಿಯಿಂದ ಒಂದು ನೀಲಿ ಕ್ಯಾನು ಬಂದಿತ್ತು. ಒಳಗಿದ್ದದ್ದು ನೆಲದಾಳದಿಂದ ಎಣ್ಣೆಯ ಜೊತೆ ಮೇಲೆ ಬಂದ ನೀರು: ಕಡು ಉಪ್ಪು, ಮೇಲೆ ಕಪ್ಪು ಕೆನೆ, ಕೊಳೆತ ಮೊಟ್ಟೆಗೆ ಸೀಮೆಎಣ್ಣೆ ಸುರಿದಂಥ ವಾಸನೆ.

ಕೆಲಸ ಮಾತ್ರ ಅವಳಿಗೆ ಬಲು ಇಷ್ಟ. ಹಳೆಯ ಬಾವಿಯಲ್ಲಿ ಎಣ್ಣೆ ತಳ್ಳಲೆಂದು ಬಿಟ್ಟ ನೀರು ಕಲ್ಲಿನ ದೊಡ್ಡ ಬಿರುಕು ಹಿಡಿದು ಓಡಿಹೋಗುತ್ತದೆ; ಎಣ್ಣೆ ಸಣ್ಣ ಸಂದುಗಳಲ್ಲೇ ಉಳಿಯುತ್ತದೆ. ಆ ಬಿರುಕಿಗೆ ಪಾಲಿಮರ್ ದ್ರಾವಣ ಕಳಿಸಿದರೆ ಅದು ಅಲ್ಲೇ ಹೆಪ್ಪುಗಟ್ಟಿ ಜೆಲ್ ಆಗಿ ದಾರಿ ಮುಚ್ಚುತ್ತದೆ. ಆಗ ನೀರು ಸಂದುಗಳಿಗೆ ನುಗ್ಗಿ ಎಣ್ಣೆ ತಳ್ಳುತ್ತದೆ. ಆದರೆ ಕಡು ಉಪ್ಪಿಗೆ, ಬಿಸಿಗೆ ಜೆಲ್ ಮುದುಡಬಹುದು; ಹಾಗಾಗಿ ಆ ಬಾವಿಯ ನೀರಿನಲ್ಲೇ ಕಲಸಿ, ಅಲ್ಲಿನಷ್ಟೇ ಬಿಸಿಯಲ್ಲಿಟ್ಟು ಮೊದಲು ಪರೀಕ್ಷಿಸಬೇಕು. ಶೈನಿ ಬಾಟಲಿಗಳನ್ನು ತಲೆಕೆಳಗು ಮಾಡಿ ನೋಡುತ್ತಿದ್ದಳು. ಜೆಲ್ ಇಳಿಯದಿದ್ದರೆ ಪಾಸು. ನಲವತ್ತೈದು ದಿನ, ಒಂದೂ ಇಳಿಯಲಿಲ್ಲ!

ವರದಿಗೆ ಸಹಿ ಹಾಕುವ ದಿನ ಔರಾದಿನ ಮಡೆಪ್ಪ ಚಹಾ ತಂದ. ಪ್ರಯೋಗಾಲಯದ ಕಸ ಗುಡಿಸುವವನು. ಊರಲ್ಲಿ ಅವನವು ಮೂವತ್ತು ಕುರಿ.

“ಅಕ್ಕಾರ, ಆ ನೀರು ಮತ್ತ ಯಾವಾಗ ಬರ್ತದ್ರಿ?”

“ಯಾವ ನೀರು ಮಾಮಾ?”

“ಅದೇರಿ, ಗಬ್ಬು ನಾರೂದು. ಊರಿಗೆ ಒಯ್ದು ಅದ್ರಾಗ ಕುರಿ ಮೈ ತೊಳದೇನಿ, ಒಂದ್ ಉಣ್ಣಿ ಉಳಿದಿಲ್ಲ ನೋಡ್ರಿ!”

ಶೈನಿ ಚಹಾ ಕೆಳಗಿಟ್ಟಳು. “ಕ್ಯಾನ್ ತುಂಬಿ ಅದಲ್ಲ?”

“ಖಾಲಿ ಹ್ಯಾಂಗ ಇಡ್ಲಿರಿ? ಬಂದ ದಿನ ರಾತ್ರೀನೇ ಬೋರಿನ ನೀರು ತುಂಬೇನಿ. ಏಕದಂ ಸಾಫ್ ನೀರ್ರಿ. ನೀವೂ ಪಾಪ ಮೂಗು ಮುಚ್ಕೊಂಡೇ ನಿಲ್ತಿದ್ರಿ.”

ಹೌದು, ಮುಚ್ಚಿಕೊಂಡೇ ನಿಲ್ಲುತ್ತಿದ್ದಳು. ಕ್ಯಾನಿನ ಗೋಡೆಗೆ ಹತ್ತಿದ ಎಣ್ಣೆ ಆಮೇಲೂ ನಾರುತ್ತಿತ್ತು. ಪ್ರತಿ ಸಲ ಕಲಸುವ ಮುನ್ನ ನೀರಿನ ಉಪ್ಪು ಅಳೆಯಬೇಕಿತ್ತು. ಶೈನಿ ಕ್ಯಾನು ಬಂದ ದಿನ ಅಳೆದಳು. ಮರುದಿನ ಕಲಸಲು ಶುರುಮಾಡಿದ ಮೇಲೆ ಅಸಹ್ಯಕ್ಕೆ ಕ್ಯಾನಿನ ನಳ ತಿರುಗಿಸಿ, ನೀರು ಹಿಡಿದು, ಅದೇ ಅಂಕಿ ಬರೆದು ಓಡಿಬರುತ್ತಿದ್ದಳು. ಈಗ ಆ ಅಂಕಿಗಳೇ ಕ್ಯಾನಿಗಿಂತ ಕೆಟ್ಟದಾಗಿ ನಾರುತ್ತಿದ್ದವು.

ಬಂದ ದಿನವೇ ಮೊಹರು ಮಾಡಿ ಎತ್ತಿಟ್ಟ ಒಂದು ಲೀಟರ್ ಅಸಲಿ ನೀರಿತ್ತು. ಸಹಿ ತಡೆದು, ಅದರಲ್ಲಿ ಪಾಲಿಮರ್ ಕಲಸಿ ಬಿಸಿಯಲ್ಲಿಟ್ಟಳು. ಆರನೇ ದಿನ ಬಾಟಲಿ ತೆಗೆದರೆ ಜೆಲ್ ಮುದುಡಿ ಕಫದ ಉಂಡೆಯಾಗಿ ಹಳದಿ ನೀರಲ್ಲಿ ತೇಲುತ್ತಿತ್ತು. ಅದನ್ನು ಒಯ್ದು ಶೇಟರ ಮೇಜಿನ ಮೇಲಿಟ್ಟು, ಮಡೆಪ್ಪ ಹೇಳಿದ್ದನ್ನೆಲ್ಲ ಹೇಳಿದಳು.

ಶೇಟರು ಭಜಿ ತಿನ್ನುತ್ತಿದ್ದರು.

“ಥೂ, ಸಿಂಕಿನ್ಯಾಗ ಸುರಿ ಅದನ್ನ.”

“ಶೇಟಜಿ, ಖರೇ ನೀರಿನ್ಯಾಗ ನಮ್ ಜೆಲ್ ನಿಲ್ಲಂಗಿಲ್ರಿ.”

“ಎರಡು ಕಿಲೋಮೀಟರ್ ಕೆಳಗ ಇಣುಕಿ ನೋಡಾವ ಯಾರದಾನ? ಪಾಸ್ ಆಗ್ಯಾವಲ್ಲ, ಸಹಿ ಮಾಡು.”

“ಮಾಡಂಗಿಲ್ರಿ.”

“ಹಂಗಾದ್ರ ಮಡೆಪ್ಪ ಮಾಲು ಕದ್ದಾನಂತ ಠಾಣಾಕ್ಕ ಫೋನ್ ಹಚ್ತೇನಿ. ಕುರಿ ಕರ್ಕೊಂಡ್ ಬಂದು ಸಾಕ್ಷಿ ಹೇಳಸ್ತೇನಿ!” ನಕ್ಕರು. ಎಣ್ಣೆಗೈ ವರದಿಯ ಮೇಲೆ ಒರಸಿದರು. “ಮತ್ತ ದಿನಾ ಒಂದೇ ಅಂಕಿ ಬರದಾಕಿ ಯಾರವ್ವಾ? ನನಗ ಕಣ್ಣಿಲ್ಲ ಅಂದಕೊಂಡಿಯೇನು?”

ಅಂದರೆ ಅಂಕಿ ಸುಳ್ಳೆಂದು ಇವರಿಗೆ ಮೊದಲೇ ಗೊತ್ತಿತ್ತು. ಶೈನಿಗೆ ಅವರ ಬಾಯಂಚಿನ ಎಣ್ಣೆ, ಮೇಜಿನ ಮೇಲಿನ ಕಫದ ಉಂಡೆ, ತನ್ನ ಬೆರಳು ಎಲ್ಲವೂ ಒಂದೇ ಬಣ್ಣದಲ್ಲಿ ಕಂಡವು.

ಅವಳು ಅಲ್ಲೇ ಕುಳಿತು, ಕ್ಯಾನು ಕಳಿಸಿದ ಎಣ್ಣೆ ಕಂಪನಿಗೆ ಫೋನಿನಿಂದಲೇ ಮೇಲ್ ಬರೆದಳು: ಉಪ್ಪಿನ ಅಂಕಿಗಳು ಅಳೆಯದೆ ಬರೆದವು, ಬರೆದವಳು ನಾನು. ಕ್ಯಾನಿನಲ್ಲಿ ಇದ್ದದ್ದು ಬೋರಿನ ನೀರು. ಅಸಲಿ ನೀರಿನಲ್ಲಿ ಜೆಲ್ ಹೀಗಾಗಿದೆ. ಫೋಟೊ ಹಚ್ಚಿ, ಹೆಸರು ಹಾಕಿ ಕಳಿಸಿದಳು. ಕೆಲಸ ಆ ಮಧ್ಯಾಹ್ನವೇ ಹೋಯಿತು.

ಭಾಲ್ಕಿಯ ಬಸ್ಸಿನಲ್ಲಿ ಮಡೆಪ್ಪನ ಫೋನು. “ಅಕ್ಕಾರ, ನೀರು ನೀವೇ ಬದಲಿ ಮಾಡೀರಂತ ಶೇಟ್ ಕಂಪನಿಗೆ ಬರದಾರ್ರಿ. ನನ್ನ ಹೆಸರು ಹೇಳಿಬಿಡ್ರಿ.”

“ಹೇಳಿದ್ರ ಪೊಲೀಸ್ರು ಬರ್ತಾರ ಮಾಮಾ.”

“ಕುರಿ ಯಾರು ಮೇಸ್ತಾರ ಅಂತ ಅಷ್ಟೇ ಚಿಂತಿರಿ,” ಎಂದು ಫೋನು ಇಟ್ಟ.

ಅಷ್ಟರಲ್ಲಿ ಕಂಪನಿಯ ಪ್ರಶ್ನೆ ಬಂತು: ನೀರು ಬದಲಿಸಿದವರು ಯಾರು? ಶೈನಿ ಟೈಪ್ ಮಾಡಿದಳು: ಗೊತ್ತಿದೆ. ನಾನಲ್ಲ. ಹೆಸರು ಹೇಳುವುದಿಲ್ಲ. ಕಳಿಸಿ, ಬೆರಳು ಮೂಸಿ ನೋಡಿದಳು. ಇನ್ನೂ ನಾರುತ್ತಿತ್ತು.

ನೀವಾಗಿದ್ದರೆ ಏನು ಬರೆಯುತ್ತಿದ್ದಿರಿ?