ಉಪ್ಪಿನಕಾಯಿಯ ಕೆಳಗೆ ಅಧ್ಯಕ್ಷರು

ಅಧ್ಯಕ್ಷರು ಬಿದ್ದ ಸುದ್ದಿಯನ್ನು ಕಾಂಚನಾಗೆ ಖುದ್ದು ಅಧ್ಯಕ್ಷರೇ ಫೋನ್ ಮಾಡಿ ತಿಳಿಸಿದರು. ಆಗವಳು ಟ್ರಾಮಿನಲ್ಲಿ ಕಂಬಿ ಹಿಡಿದು ನಿಂತಿದ್ದಳು. ಸುತ್ತಲಿದ್ದ ಸ್ವೀಡನ್ನಿನ ಗೋಥೆನ್‌ಬರ್ಗ್ ಊರಿನ ಜನ ಬೆಳಗಿನ ಮೌನವ್ರತದಲ್ಲಿ ಮುಳುಗಿದ್ದರು.

"ಏನಮ್ಮಾ ಕಾಂಚನಾ, ನನ್ನನ್ನ ಕೆಳಕ್ಕೆ ತಳ್ಳಿಬಿಟ್ಟಿದೀಯಲ್ಲ!"

"ಅಯ್ಯೋ! ಎಲ್ಲಿ ಬಿದ್ರಿ ಸರ್? ಪೆಟ್ಟಾಯ್ತಾ?"

"ವೆಬ್‌ಸೈಟಲ್ಲಿ ಕಣಮ್ಮಾ. ಉಪ್ಪಿನಕಾಯಿ ಕೆಳಗಿದೀನಿ ನಾನು."

ಟ್ರಾಮಿನಲ್ಲಿದ್ದ ನಾಲ್ಕು ಜನ ತಿರುಗಿ ನೋಡಿದರು. ಕಾಂಚನಾ ದನಿ ತಗ್ಗಿಸಿ, "ಆಫೀಸಿಗೆ ಹೋಗಿ ನೋಡ್ತೀನಿ ಸರ್" ಎಂದು ಫೋನಿಟ್ಟಳು.

ಅದು ಎರಡು ಸಾವಿರದ ಆರರ ಮಾರ್ಚ್. ಯುಗಾದಿಗೆ ಇನ್ನೂ ಎರಡು ವಾರವಿತ್ತು. ಚಿತ್ರದುರ್ಗದ ಕಾಂಚನಾ ಕಾಗದದ ನಾರಿನ ಮೇಲೆ ಪಿಎಚ್‌.ಡಿ. ಮಾಡಲು ಬಂದವಳು. ಒಮ್ಮೆ ತನ್ನ ಪ್ರಯೋಗಾಲಯಕ್ಕೊಂದು ವೆಬ್ ಪುಟ ಮಾಡಿಕೊಟ್ಟಿದ್ದಳು, ಆ ಸಂಗತಿಯನ್ನು ಯಾರದೋ ಮನೆಯ ಊಟದಲ್ಲಿ ಬಾಯಿ ತಪ್ಪಿ ಹೇಳಿಬಿಟ್ಟಿದ್ದಳು. ಮಾರನೆಯ ದಿನವೇ ಕನ್ನಡ ಬಳಗದ ವೆಬ್‌ಸೈಟು ಅವಳ ಕೊರಳಿಗೆ ಬಿತ್ತು.

ಪುಟ ಬಹಳ ಸರಳವಾಗಿತ್ತು. ಎಡಗಡೆ ಅಗಲವಾದ ಅಂಕಣದಲ್ಲಿ ಕಾರ್ಯದರ್ಶಿ ಪದ್ಮಿನಿಯವರ ಫೋಟೋ, ಅವರು ಬರೆದ ಯುಗಾದಿಯ ಆಹ್ವಾನ, ಅದರ ಕೆಳಗೆ ಊಟದ ಪಟ್ಟಿ. ಒಬ್ಬಟ್ಟಿನಿಂದ ಶುರುವಾದ ಆ ಪಟ್ಟಿ ಉಪ್ಪಿನಕಾಯಿಯಲ್ಲಿ ಮುಗಿಯುತ್ತಿತ್ತು. ಬಲಗಡೆ ಕಿರಿದಾದ ಅಂಕಣದಲ್ಲಿ ಅಧ್ಯಕ್ಷ ವಿಠ್ಠಲ ರಾಯರ ಫೋಟೋ, ಹೆಸರು, ಪದವಿಗಳು, ಸಂದೇಶ. ಬಲಗಡೆಯೇ ಬೇಕೆಂದು ಕೇಳಿದವರು ರಾಯರು. ಗೌರವದ ಜಾಗ ಬಲಗಡೆ ಎಂದು ಅವರ ಲೆಕ್ಕ. ಯಾವ ಅಂಕಣ ಎಲ್ಲಿ ಕೂರಬೇಕು, ಎಷ್ಟು ಅಗಲವಿರಬೇಕು ಎಂಬ ಕಟ್ಟಳೆಗಳನ್ನೆಲ್ಲ ಕಾಂಚನಾ ಸ್ಟೈಲ್ ಶೀಟ್ ಎಂಬ ಬೇರೊಂದು ಕಡತದಲ್ಲಿ ಬರೆದಿಟ್ಟಿದ್ದಳು. ಬ್ರೌಸರ್ ಅದನ್ನು ಓದಿಕೊಂಡು ಪುಟವನ್ನು ಜೋಡಿಸಬೇಕು.

ಆಫೀಸಿಗೆ ಹೋಗಿ ಫೈರ್‌ಫಾಕ್ಸ್ ತೆರೆದು ನೋಡಿದಳು. ರಾಯರು ಬಲಗಡೆ ಮೇಲೆ, ಕೋಟು ತೊಟ್ಟು, ಗಲ್ಲ ಎತ್ತಿ ಸುಖವಾಗಿ ಕೂತಿದ್ದರು. ಫೋನ್ ಮಾಡಿ ಹಾಗೆಂದೇ ಹೇಳಿದಳು.

"ಹಾಗಾದ್ರೆ ನಾನು ಸುಳ್ಳು ಹೇಳ್ತಿದೀನಾ?" ಎಂದರು ರಾಯರು. "ಆಹ್ವಾನ ಮೇಲಿದೆ. ಪದ್ಮಿನಿಯವರ ಫೋಟೋ ಮೇಲಿದೆ. ಒಬ್ಬಟ್ಟು, ಕೋಸಂಬರಿ, ಉಪ್ಪಿನಕಾಯಿ ಎಲ್ಲಾ ಮುಗಿದ ಮೇಲೆ, ಎಲೆ ಎತ್ತೋ ಜಾಗದಲ್ಲಿ ನಾನಿದೀನಿ. ಬಲಗಡೆ ಬರೀ ಬಿಳಿ."

"ನೀವು ಯಾವ ಬ್ರೌಸರ್‌ನಲ್ಲಿ ನೋಡ್ತಿದೀರಾ ಸರ್?"

"ಎಲ್ಲರೂ ನೋಡೋದರಲ್ಲೇ ನೋಡ್ತಿದೀನಿ. ಎಕ್ಸ್‌ಪ್ಲೋರರ್."

ಕಾಂಚನಾ ಹಣೆ ಒತ್ತಿಕೊಂಡಳು. ಒಂದೇ ಸ್ಟೈಲ್ ಶೀಟನ್ನು ಎಕ್ಸ್‌ಪ್ಲೋರರಿನ ಆ ಹಳೆಯ ಆರನೆಯ ಆವೃತ್ತಿ ಒಂದು ರೀತಿ ಓದುತ್ತದೆ, ಉಳಿದ ಬ್ರೌಸರ್‌ಗಳು ಇನ್ನೊಂದು ರೀತಿ ಓದುತ್ತವೆ. ಎತ್ತು ಏರಿಗೆಳೆದರೆ ಕೋಣ ನೀರಿಗೆ. ಅವಳ ಲ್ಯಾಬಿನಲ್ಲಿ ಇದ್ದದ್ದೆಲ್ಲ ಎಕ್ಸ್‌ಪ್ಲೋರರ್ ಓಡದ ಲಿನಕ್ಸ್ ಯಂತ್ರಗಳು. ಎಕ್ಸ್‌ಪ್ಲೋರರನ್ನು ಕಣ್ಣಿನಿಂದ ನೋಡುವ ಭಾಗ್ಯವೂ ಅವಳಿಗಿರಲಿಲ್ಲ.

ಪದ್ಮಿನಿಯವರನ್ನು ಕೇಳೋಣವೆಂದು ಅವರಿಗೆ ಫೋನ್ ಮಾಡಿದಳು. ಪದ್ಮಿನಿ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ವಿಭಾಗದವರು, ಮಾತು ಕಡಿಮೆ, ಅದೂ ನೇರ. ಹಿಂದಿನ ವರ್ಷ ಅಧ್ಯಕ್ಷ ಸ್ಥಾನದ ಚುನಾವಣೆಯಲ್ಲಿ ರಾಯರ ಎದುರು ಎರಡು ಮತಗಳಿಂದ ಸೋತಿದ್ದರು.

"ನನ್ನ ಮ್ಯಾಕ್‌ನಲ್ಲಿ ಸರಿಯಾಗಿದೆಯಲ್ಲಮ್ಮಾ" ಎಂದರು ಅವರು. "ಬಲಗಡೆ ಮೇಲೇ ಇದಾರೆ. ಅವರಿಗೆ ಕಣ್ಣು ಟೆಸ್ಟ್ ಮಾಡಿಸ್ಕೊಳ್ಳೋಕೆ ಹೇಳು."

ಕಾಂಚನಾ ಹೇಳಲಿಲ್ಲ. ಆದರೂ ಸಂಜೆಯೊಳಗೆ ಆ ಮಾತು ಹೇಗೋ ರಾಯರ ಕಿವಿಗೆ ಬಿತ್ತು. ಬಳಗದಲ್ಲಿ ಮಾತು ಟ್ರಾಮಿಗಿಂತ ವೇಗವಾಗಿ ಓಡುತ್ತಿತ್ತು. ರಾತ್ರಿ ರಾಯರಿಂದ ಮೂರೇ ಸಾಲಿನ ಮೇಲ್ ಬಂತು. ಇದು ತಾಂತ್ರಿಕ ದೋಷವೋ ರಾಜಕೀಯವೋ ಎಂಬುದು ತಮಗೆ ತಿಳಿಯಬೇಕಿದೆ ಎಂದು ಅದರಲ್ಲಿತ್ತು. ಮರುದಿನ ಬೆಳಿಗ್ಗೆ ಪದ್ಮಿನಿಯವರಿಂದ ಒಂದೇ ಸಾಲಿನ ಮೇಲ್ ಬಂತು, ಅವರು ತಮ್ಮ ರಾಜೀನಾಮೆ ಯಾವಾಗ ಬೇಕಾದರೂ ಸಿದ್ಧ ಎಂದಿದ್ದರು. ಎರಡೂ ಮೇಲ್‌ಗಳ ಪ್ರತಿ ಬಳಗದ ಅರುವತ್ತೆರಡು ಮನೆಗಳಿಗೆ ಹೋಗಿತ್ತು.

ಲ್ಯಾಬಿನಲ್ಲಿ ನಾರು ತೊಳೆಯುತ್ತಿದ್ದರೂ ಕಾಂಚನಾಳ ಮನಸ್ಸೆಲ್ಲ ಆ ಅಂಕಣದಲ್ಲೇ. ಪುಟದ ಯಾವ ಭಾಗ ಬೀಳುತ್ತಿದೆಯೆಂದು ತಿಳಿಯಲು ಪ್ರತಿ ಭಾಗದ ಸುತ್ತಲೂ ಕೆಂಪು ಗೆರೆ ಹಾಕಿ ನೋಡುವುದೊಂದು ಹಳೆಯ ಉಪಾಯ. ಅವಳು ಎರಡೂ ಅಂಕಣಗಳ ಸುತ್ತ ತೆಳ್ಳನೆಯ ಕೆಂಪು ಗೆರೆ ಎಳೆದು, ಪುಟವನ್ನು ಸೈಟಿಗೆ ಏರಿಸಿ, ರಾಯರಿಗೆ ಫೋನ್ ಮಾಡಿದಳು.

"ಈಗ ಏನು ಕಾಣಿಸ್ತಿದೆ ಸರ್?"

"ನನ್ನ ಸುತ್ತ ಕೆಂಪು ಚೌಕ ಹಾಕಿದೀಯ. ಪೊಲೀಸ್ ಸ್ಟೇಷನ್ ಬೋರ್ಡಲ್ಲಿ 'ಈತ ಬೇಕಾಗಿದ್ದಾನೆ' ಅಂತ ಹಾಕ್ತಾರಲ್ಲ, ಹಾಗಿದೆ. ಅದೂ ಉಪ್ಪಿನಕಾಯಿ ಕೆಳಗೇ."

ಕಾಂಚನಾ ತನ್ನ ತೆರೆಯತ್ತ ನೋಡಿದಳು. ಫೈರ್‌ಫಾಕ್ಸಿನಲ್ಲೂ ರಾಯರು ಬಿದ್ದಿದ್ದರು. ಅವಳು ಮೊದಲು ಹಿಗ್ಗಿದಳು. ರೋಗ ತನ್ನ ಕಣ್ಣಿಗೂ ಬಿತ್ತಲ್ಲ ಎಂದು ಇಡೀ ಮಧ್ಯಾಹ್ನ ಅದರ ಬೆನ್ನು ಹತ್ತಿದಳು. ಫಿಕಾಕ್ಕೆ, ಅಂದರೆ ಒಟ್ಟಿಗೆ ಕೂತು ಕಾಫಿ ಕುಡಿಯುವ ವಿರಾಮಕ್ಕೆ, ಎಲ್ಲರೂ ಕರೆದರೂ ಎದ್ದು ಹೋಗಲಿಲ್ಲ. ಸ್ವೀಡನ್ನಿನಲ್ಲಿ ಇದು ಸಣ್ಣ ಅಪರಾಧವೇನಲ್ಲ. ನಾಲ್ಕು ಗಂಟೆಗೆ ಅವಳಿಗೆ ಹೊಳೆಯಿತು. ಎಡ ಅಂಕಣ ಐನೂರ ನಲವತ್ತು ಪಿಕ್ಸೆಲ್, ಬಲ ಇನ್ನೂರು, ನಡುವಿನ ಸಂದು ಇಪ್ಪತ್ತು, ಒಟ್ಟು ಪುಟದ ಅಗಲ ಏಳುನೂರ ಅರುವತ್ತು. ಬೆಣೆ ಹೊಡೆದ ಹಾಗೆ ಬಿಗಿಯಾಗಿ ಕೂತಿದ್ದ ಈ ಲೆಕ್ಕದೊಳಗೆ ಕೆಂಪು ಗೆರೆಗಳೇ ನಾಲ್ಕು ಪಿಕ್ಸೆಲ್ ತಿಂದು, ಜಾಗ ಸಾಲದೆ ಬಲ ಅಂಕಣ ಕೆಳಗಿಳಿದಿತ್ತು. ರೋಗ ಹುಡುಕಲು ಹೋಗಿ ಹೊಸ ರೋಗ ಅಂಟಿಸಿದ್ದಳು.

ಅಷ್ಟರಲ್ಲಿ ಪದ್ಮಿನಿಯವರ ಫೋನು. "ಈಗ ನನಗೂ ಕಾಣಿಸ್ತಿದೆ ಕಣೇ, ಕೆಳಗೆ ಬಿದ್ದಿದಾರೆ. ಅಲ್ಲೇ ಇರ್ಲಿ ಬಿಡು, ಚೆನ್ನಾಗೇ ಕಾಣ್ತಾರೆ."

ಕೆಂಪು ಗೆರೆಯನ್ನು ಕಿತ್ತು ಹಾಕಿ ಕಾಂಚನಾ ಕಣ್ಣು ಮುಚ್ಚಿ ಕೂತಳು. ಇನ್ನು ಫೋನಿನಲ್ಲಿ ಬಗೆಹರಿಯುವ ಮಾತಲ್ಲ. ರಾಯರ ಕಂಪ್ಯೂಟರಿನ ಮುಂದೆಯೇ ಕೂರಬೇಕು.

ಭಾನುವಾರ ಮಧ್ಯಾಹ್ನ ನದಿಯಾಚೆಯ ಹಿಸಿಂಗೆನ್‌ನಲ್ಲಿದ್ದ ರಾಯರ ಮನೆಗೆ ಹೋದಳು. ಬಾಗಿಲು ತೆರೆದದ್ದು ರಾಯರ ಹೆಂಡತಿ ಶಾರದಾ. ಅವರ ಹಿಂದೆ ಊಟದ ಮೇಜಿನ ಬಳಿ ಪದ್ಮಿನಿ ಕೂತಿದ್ದರು, ಮುಂದೆ ಅವರ ಮ್ಯಾಕ್. ಕಾಂಚನಾ ಹೊಸ್ತಿಲಲ್ಲೇ ನಿಂತಳು.

"ನಾನೇ ಕರೆದೆ" ಎಂದರು ಶಾರದಾ. "ಐದು ದಿನದಿಂದ ಈ ಮನೆಯಲ್ಲಿ ಬೇರೆ ಮಾತೇ ಇಲ್ಲ. ಫೋಟೋ ಬಿದ್ರೆ ಬೀಳ್ಲಿ, ಮನುಷ್ಯ ನೆಟ್ಟಗಿದಾರಲ್ಲ ಅಂದ್ರೆ ನನ್ನ ಮೇಲೇ ರೇಗ್ತಾರೆ. ಎದುರುಬದುರು ಕೂತು ನೋಡ್ಕೊಂಡುಬಿಡಿ ಅಂದೆ. ಬಾ, ಚಪ್ಪಲಿ ಅಲ್ಲೇ ಬಿಡು."

ರಾಯರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮುಖ ಬಿಗಿದು, ತಮ್ಮ ಲ್ಯಾಪ್‌ಟಾಪನ್ನು ಮ್ಯಾಕಿನ ಪಕ್ಕದಲ್ಲೇ ಇಟ್ಟರು. ಇಬ್ಬರೂ ಒಮ್ಮೆಗೇ ಪುಟ ತೆರೆದರು. ಮ್ಯಾಕಿನಲ್ಲಿ ಅಧ್ಯಕ್ಷರು ಮೇಲೆ, ರಾಯರ ಲ್ಯಾಪ್‌ಟಾಪಿನಲ್ಲಿ ಉಪ್ಪಿನಕಾಯಿಯ ಕೆಳಗೆ.

ರಾಯರು ಕತ್ತು ಚಾಚಿ ಮ್ಯಾಕಿನೊಳಗಿನ ತಮ್ಮನ್ನು ನೋಡಿದರು. ಪದ್ಮಿನಿ ಕನ್ನಡಕ ತೆಗೆದು, ಒರೆಸಿ, ರಾಯರ ಯಂತ್ರವನ್ನು ನೋಡಿದರು.

"ಅಂದ್ರೆ ನೀವು ಹೇಳಿದ್ದು ನಿಜಾನೇ" ಎಂದರು ರಾಯರು.

"ನೀವು ಹೇಳಿದ್ದೂ" ಎಂದರು ಪದ್ಮಿನಿ.

ಅಷ್ಟಕ್ಕೇ ಕೋಣೆಯ ಗಾಳಿ ಅರ್ಧ ಹಗುರವಾಯಿತು. ಕಾಂಚನಾ ಕೂತಳು. ಈ ಸಲ ಗೆರೆ ಹಾಕುವ ಮೂರ್ಖತನ ಮಾಡಲಿಲ್ಲ. ಬಣ್ಣಕ್ಕೆ ಅಗಲವಿಲ್ಲ ಎಂದುಕೊಂಡು ರಾಯರ ಅಂಕಣದ ಹಿಂದೆ ಹಳದಿ ಬಳಿದಳು. ಎರಡೂ ಯಂತ್ರಗಳಲ್ಲಿ ಪುಟವನ್ನು ಮತ್ತೆ ತೆರೆದಾಗ ಕಳ್ಳ ಸಿಕ್ಕಿಬಿದ್ದ.

ಮ್ಯಾಕಿನಲ್ಲಿ ಹಳದಿ ಅಂಕಣ ಹೇಳಿದ ಅಳತೆಗೇ ನಿಂತಿತ್ತು. ಆದರೆ ಅದರೊಳಗಿನ ಒಂದು ಸಾಲು ಮಾತ್ರ ಬೇಲಿ ಹಾರಿ ಹೊರಗಿನ ಬಿಳಿಗೆ ಚಾಚಿಕೊಂಡಿತ್ತು. ಅಂಕಣದ ಒಳಗೂ ಹೊರಗೂ ಒಂದೇ ಬಿಳಿಯಾಗಿದ್ದುದರಿಂದ ಮೊದಲು ಅದು ಅವಳ ಕಣ್ಣಿಗೆ ಬಿದ್ದಿರಲಿಲ್ಲ, ಕೆಂಪು ಗೆರೆಯ ದಿನ ಅವಳು ಬಿದ್ದ ಅಂಕಣದ ಲೆಕ್ಕದಲ್ಲೇ ಮುಳುಗಿದ್ದಳು. ಎಕ್ಸ್‌ಪ್ಲೋರರಿನಲ್ಲಿ ಆ ಸಾಲು ಹೊರಗೆ ಹೋಗಿರಲಿಲ್ಲ, ಅದನ್ನು ಒಳಗಿಟ್ಟುಕೊಳ್ಳಲು ಹಳದಿ ಅಂಕಣವೇ ಹೊಟ್ಟೆ ಉಬ್ಬಿಸಿಕೊಂಡಿತ್ತು. ಉಬ್ಬಿದ ಅಂಕಣಕ್ಕೆ ಪಕ್ಕದಲ್ಲಿ ಜಾಗ ಸಾಲದೆ ಅದು ಕೆಳಗಿಳಿದು, ಊಟದ ಪಟ್ಟಿ ಮುಗಿಯುವ ತನಕ ಕಾದು ಕೂತಿತ್ತು.

ಕಾಂಚನಾ ಬಗ್ಗಿ ಆ ಸಾಲು ಯಾವುದೆಂದು ನೋಡಿದಳು. ಅದು ರಾಯರ ಪದವಿಗಳ ಸಾಲು. ಬಿ.ಇ., ಎಂ.ಟೆಕ್., ಪಿಎಚ್‌.ಡಿ. ಮಾತ್ರವಲ್ಲ, ಅವರು ಸದಸ್ಯರಾಗಿದ್ದ ನಾಲ್ಕು ಸಂಸ್ಥೆಗಳ ಹೆಸರುಗಳ ಮೊದಲಕ್ಷರಗಳೂ ಇಂಗ್ಲಿಷಿನಲ್ಲಿ, ಚುಕ್ಕಿ ಅಲ್ಪವಿರಾಮಗಳ ಸಮೇತ, ನಡುವೆ ಒಂದೇ ಒಂದು ಖಾಲಿ ಜಾಗವಿಲ್ಲದೆ ಗೂಡ್ಸ್ ರೈಲಿನ ಹಾಗೆ ಕೊಂಡಿ ಹಾಕಿಕೊಂಡು ನಿಂತಿದ್ದವು. ಎಲ್ಲಿ ಮುರಿಯಬೇಕೆಂದು ಬ್ರೌಸರಿಗೆ ತಿಳಿಯುವಂತಿರಲಿಲ್ಲ. ರಾಯರು ಮೇಲ್‌ನಲ್ಲಿ ಹಾಗೇ ಕಳಿಸಿದ್ದರು, ಅವಳು ಹಾಗೇ ಅಂಟಿಸಿದ್ದಳು.

"ಏನು, ಸಿಕ್ತಾ?" ಎಂದರು ರಾಯರು.

ಕಾಂಚನಾ ಶಾರದಾರ ಮುಖ ನೋಡಿದಳು, ಪದ್ಮಿನಿಯವರ ಮುಖ ನೋಡಿದಳು. ಅಧ್ಯಕ್ಷರೇ, ನಿಮ್ಮ ಪದವಿಗಳ ಭಾರಕ್ಕೆ ನೀವೇ ಬಿದ್ದಿದ್ದೀರಿ ಎಂದು ಹೇಳುವುದು ಹೇಗೆ?

"ಸರ್... ಈ ಸಾಲು ಸ್ವಲ್ಪ ಉದ್ದ ಆಗಿದೆ."

"ಯಾವ ಸಾಲು?"

ಬೆರಳಿಟ್ಟು ತೋರಿಸಿದಳು. ಶಾರದಾ ಬಗ್ಗಿ ನೋಡಿದರು, ಸೆರಗು ಬಾಯಿಗೊತ್ತಿಕೊಂಡು ಅಡುಗೆಮನೆಗೆ ಓಡಿದರು. ಒಳಗಿನಿಂದ ಪಾತ್ರೆಯೊಂದು ಬಿದ್ದ ಸದ್ದೂ ನಗುವೂ ಒಟ್ಟಿಗೇ ಕೇಳಿಸಿದವು. ಪದ್ಮಿನಿ ಮಾತ್ರ ಎಕ್ಸ್‌ರೇ ನೋಡುವವರ ಹಾಗೆ ನಿರ್ವಿಕಾರವಾಗಿ ತೆರೆಯನ್ನೇ ನೋಡುತ್ತಿದ್ದರು.

ರಾಯರ ಕಿವಿ ಕೆಂಪಾಯಿತು. ಇನ್ನೇನು ಸಿಡಿದರು ಎಂದುಕೊಂಡಳು ಕಾಂಚನಾ. ಅವರು ಎದ್ದು ಒಳಗೆ ಹೋದರು. ತಿರುಗಿ ಬಂದಾಗ ಕೈಯಲ್ಲೊಂದು ಸ್ಟೀಲಿನ ಅಳತೆಪಟ್ಟಿ ಇತ್ತು. ಅದನ್ನು ತೆರೆಗೆ ಒತ್ತಿ ಹಳದಿಯನ್ನು ಅಳೆದರು. ಮ್ಯಾಕಿನದನ್ನೂ ಅಳೆದರು. ಕಣ್ಣು ಕಿರಿದು ಮಾಡಿ ಮತ್ತೊಮ್ಮೆ ಅಳೆದು, ಕಾಂಚನಾಳಿಂದ ಅಂಕಣಗಳ ಲೆಕ್ಕವನ್ನೂ ಕೇಳಿಕೊಂಡರು.

"ಅರೆ, ಇದು ನನ್ನ ಬಾಗಿಲಿನ ಕಥೆ!" ಎಂದರು.

ಅವರು ಕಾರ್ಖಾನೆಯಲ್ಲಿ ಹದಿನೆಂಟು ವರ್ಷದಿಂದ ಮಾಡುತ್ತಿದ್ದದ್ದು ಒಂದೇ ಕೆಲಸ. ಕಾರಿನ ಬಾಗಿಲು ಚೌಕಟ್ಟಿಗೆ ಸರಿಯಾಗಿ ಕೂರುತ್ತದೋ ಇಲ್ಲವೋ ನೋಡುವುದು. "ಒಳಗಿನ ರಬ್ಬರ್ ಎರಡು ಮಿಲಿಮೀಟರ್ ದಪ್ಪ ಆದ್ರೂ ಬಾಗಿಲು ಹಾಕೋಕಾಗಲ್ಲ. ಜನ ಬಾಗಿಲನ್ನೇ ಬೈತಾರೆ. ತಪ್ಪು ಬಾಗಿಲಿನದಲ್ಲ, ಒಳಗೆ ತುರುಕಿದವನದು. ಮತ್ತೆ ನೀನು ಸಂದೇ ಬಿಡದೆ ಲೆಕ್ಕ ಇಟ್ಟಿದೀಯಲ್ಲಮ್ಮಾ, ಏಳುನೂರ ಅರುವತ್ತಕ್ಕೆ ಏಳುನೂರ ಅರುವತ್ತು? ನಮ್ಮಲ್ಲಿ ಹಾಗೆ ಮಾಡಿದ್ರೆ ಬೆಳಿಗ್ಗೇನೇ ಮನೆಗೆ ಕಳಿಸ್ತಾರೆ."

ಬೈಸಿಕೊಂಡರೂ ಕಾಂಚನಾಗೆ ಪ್ರಾಣ ಬಂದ ಹಾಗಾಯಿತು. "ಪದವಿ ಯಾವುದನ್ನೂ ತೆಗೀಬೇಕಿಲ್ಲ ಸರ್. ನಡುವೆ ಒಂದೊಂದು ಸ್ಪೇಸ್ ಕೊಟ್ರೆ ಸಾಕು" ಎಂದು, ಪ್ರತಿ ಅಲ್ಪವಿರಾಮದ ಮುಂದೆ ಜಾಗ ಒತ್ತಿದಳು. ಎಡ ಅಂಕಣವನ್ನೂ ಹತ್ತು ಪಿಕ್ಸೆಲ್ ಕಿರಿದು ಮಾಡಿದಳು. ರಾಯರ ಎಕ್ಸ್‌ಪ್ಲೋರರಿನಲ್ಲಿ ಪುಟ ಒಮ್ಮೆ ಮಿಟುಕಿತು. ಉಪ್ಪಿನಕಾಯಿಯ ಕೆಳಗಿದ್ದ ಅಧ್ಯಕ್ಷರು ಎದ್ದು ಬಲಗಡೆ ಮೇಲೆ ಹೋಗಿ ಕೂತರು.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಶಾರದಾ ಚಪ್ಪಾಳೆ ತಟ್ಟಿದರು.

ರಾಯರು ಮಾತ್ರ ತೆರೆಯನ್ನೇ ದಿಟ್ಟಿಸುತ್ತಿದ್ದರು. ಮುರಿದ ಪದವಿಗಳು ಈಗ ಐದು ಸಾಲಾಗಿ, ಹೆಸರಿನ ಕೆಳಗೆ ಉದ್ದ ಗಡ್ಡದ ಹಾಗೆ ಇಳಿದಿದ್ದವು. ಸಂದೇಶವೆಲ್ಲೋ ಕೆಳಗೆ ಕಳೆದುಹೋಗಿತ್ತು.

"ಇಷ್ಟೆಲ್ಲ ಯಾಕೆ ಹಾಕಿದೀನಿ ನಾನು?" ಎಂದರು, ಯಾರನ್ನೂ ಕೇಳದ ಹಾಗೆ. "ಈ ಕೊನೇ ನಾಲ್ಕು ತೆಗಿ. ಎಂ.ಟೆಕ್. ಕೂಡ ತೆಗಿ."

"ಎಂ.ಟೆಕ್. ಇರ್ಲಿ" ಎಂದರು ಪದ್ಮಿನಿ. ಎಲ್ಲರೂ ಅವರತ್ತ ತಿರುಗಿದರು. "ಕೆಲಸ ಮಾಡ್ಕೊಂಡು, ಸಂಜೆ ಕಾಲೇಜಿಗೆ ಹೋಗಿ ಓದಿದ್ದು ಅಂತ ಕಾಂಚನಾ ಬರೋಕೆ ಮುಂಚೆ ಶಾರದಾ ಹೇಳಿದ್ರು. ಅಂಥದ್ದನ್ನ ಅಳಿಸಬಾರದು."

ಎಂ.ಟೆಕ್. ಉಳಿಯಿತು. ಶಾರದಾ ಕಾಫಿ ತಂದಿಟ್ಟರು. ಜೊತೆಗೆ ಕೋಡುಬಳೆ, ಅಂಗಡಿಯ ದಾಲ್ಚಿನ್ನಿ ಬನ್ನು. ಪದ್ಮಿನಿ ಒಂದು ಕೋಡುಬಳೆ ಮುರಿದು, ಅರ್ಧವನ್ನು ರಾಯರ ತಟ್ಟೆಯ ಕಡೆ ತಳ್ಳಿದರು. ರಾಜೀನಾಮೆಯ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ.

ಕಥೆ ಅಲ್ಲಿಗೇ ಮುಗಿದಿದ್ದರೆ ಕಾಂಚನಾಗೆ ನೆಮ್ಮದಿಯಾಗುತ್ತಿತ್ತು. ಆದರೆ ರಾಯರಿಗೆ ರುಚಿ ಹತ್ತಿಬಿಟ್ಟಿತ್ತು. ಸೋಮವಾರ ಅವರು ಕಾರ್ಖಾನೆಯ ನಾಲ್ಕು ಕಂಪ್ಯೂಟರುಗಳಲ್ಲಿ ಪುಟ ತೆರೆದು ನೋಡಿದರು. ಮಂಗಳವಾರ ಸಂಜೆ ಗ್ರಂಥಾಲಯಕ್ಕೆ ಹೋಗಿ, ಅಲ್ಲಿಯ ಯಂತ್ರವೊಂದರ ಮುಂದೆ ಅಳತೆಪಟ್ಟಿ ಹಿಡಿದು ಕೂತು, ಗ್ರಂಥಪಾಲಕಿಯಿಂದ ಏನು ಸಹಾಯ ಬೇಕೆಂದು ಕೇಳಿಸಿಕೊಂಡರು. ಬುಧವಾರ ಹನ್ನೊಂದು ಅಂಶಗಳ ವರದಿಯೊಂದು ಕಾಂಚನಾಳ ಮೇಲ್‌ಗೆ ಬಂತು. ಮೊದಲನೆಯದು ಹೀಗಿತ್ತು: "ಪದ್ಮಿನಿಯವರ ಫೋಟೋ ಪಕ್ಕದ ಅಕ್ಷರಗಳು ಎಕ್ಸ್‌ಪ್ಲೋರರಿನಲ್ಲಿ ಮೂರು ಪಿಕ್ಸೆಲ್ ಬಲಕ್ಕೆ ಸರಿದಿವೆ. ಅವರಿಗೆ ಅನ್ಯಾಯವಾಗುತ್ತಿದೆ. ದಯವಿಟ್ಟು ಯುಗಾದಿಯೊಳಗೆ ಸರಿಪಡಿಸುವುದು."

ಕಾಂಚನಾ ತನ್ನ ಫೈರ್‌ಫಾಕ್ಸಿನಲ್ಲಿ ನೋಡಿದಳು. ಎಲ್ಲವೂ ಕೂದಲೆಳೆಯಷ್ಟೂ ಅಲುಗದೆ ಇತ್ತು. ಅವಳು ನಕ್ಕಳು, ನಿಟ್ಟುಸಿರು ಬಿಟ್ಟಳು. ಕಾರಿಡಾರಿನಿಂದ ಯಾರೋ ಫಿಕಾಕ್ಕೆ ಕರೆದರು. ಈ ಸಲ ತಕ್ಷಣ ಎದ್ದು ಹೋದಳು.