ಇಪ್ಪತ್ತೆಂಟು ಸೇರಿನ ಪೆಟ್ಟಿಗೆ

ಶಿಕಾರಿಪುರದಿಂದ ಶಿರಾಳಕೊಪ್ಪದ ಕಡೆ ಹೋಗುವ ರಸ್ತೆಯಲ್ಲಿ, ಟೈರಿನ ಅಂಗಡಿಯ ಮಗ್ಗುಲಿಗೆ ಉಚ್ಚಂಗಪ್ಪನ ಕಾರ್ ಸೌಂಡ್ ಅಂಗಡಿ ಇದೆ. ಬೋರ್ಡಿನ ಮೇಲೆ 'ಯು.ಸಿ. ಸೌಂಡ್ಸ್' ಎಂದು ಬರೆಸಿದ್ದಾನೆ. ಯು ಎಂದರೆ ಉಚ್ಚಂಗಪ್ಪ. ಸಿ ಎಂದರೇನು ಎಂದು ಕೇಳಿದವರಿಗೆ ಒಂದೊಂದು ಸಲ ಒಂದೊಂದು ಉತ್ತರ ಕೊಡುತ್ತಾನೆ. ಡಿಕ್ಕಿಯೊಳಗೆ ದೊಡ್ಡ ಸ್ಪೀಕರ್ ಕೂರಿಸುವ ಪೆಟ್ಟಿಗೆಯನ್ನು ಹಲಗೆಯಲ್ಲಿ ಯಾರು ಬೇಕಾದರೂ ಹೊಡೆದುಕೊಡುತ್ತಾರೆ. ಆದರೆ ಡಿಕ್ಕಿಯ ಮೂಲೆಯ ಉಬ್ಬುತಗ್ಗಿಗೆ ತಕ್ಕಂತೆ, ಚಿಪ್ಪಿನೊಳಗೆ ತೆಂಗಿನಕಾಯಿ ತಿರುಳು ಕೂತ ಹಾಗೆ ಕೂರುವ ಫೈಬರ್ ಗ್ಲಾಸ್ ಪೆಟ್ಟಿಗೆ ಮಾಡುವವನು ಆ ಸುತ್ತಿನಲ್ಲಿ ಅವನೊಬ್ಬನೇ. ಹರಿಹರದಲ್ಲಿ ಬಸ್ಸಿನ ಬಾಡಿ ಕಟ್ಟುವ ಶೆಡ್ಡೊಂದರಲ್ಲಿ ಆರು ವರ್ಷ ಮೈ ಕೆರೆದುಕೊಂಡು ಕಲಿತ ವಿದ್ಯೆ ಅದು.

ವಿದ್ಯೆಗೆ ತಕ್ಕ ಗಿರಾಕಿ ಮಾತ್ರ ಸಿಕ್ಕಿರಲಿಲ್ಲ. ಬರುವವರೆಲ್ಲ ಕೇಳುವುದು ಒಂದೇ: ಹಿಂದಿನ ಗ್ಲಾಸು ಅದುರಬೇಕು, ಬಸ್ ಸ್ಟ್ಯಾಂಡಿನಲ್ಲಿದ್ದವರು ತಿರುಗಿ ನೋಡಬೇಕು. ಬೇಸ್, ಅಂದರೆ ಆ ತಗ್ಗಿನ ಸದ್ದು, ಸಾರಿನಲ್ಲಿ ಉಪ್ಪಿದ್ದ ಹಾಗೆ, ಇದೆ ಅಂತ ಗೊತ್ತಾಗಬಾರದು, ಇಲ್ಲದಿದ್ದರೆ ಗೊತ್ತಾಗಬೇಕು ಎಂದು ಉಚ್ಚಂಗಪ್ಪ ವಿವರಿಸಲು ಹೊರಡುತ್ತಿದ್ದ. ಅವರು ಮೊಬೈಲು ನೋಡುತ್ತಿದ್ದರು. ಅವನ ಹೆಂಡತಿ ರಜನಿ ಈ ಉಪ್ಪಿನ ಮಾತನ್ನು ಎಷ್ಟು ಸಲ ಕೇಳಿದ್ದಳೆಂದರೆ, ಊಟಕ್ಕೆ ಕೂತಾಗ ಅವನು ಉಪ್ಪು ಕೇಳಿದರೂ ಎದ್ದು ಒಳಗೆ ಹೋಗುತ್ತಿದ್ದಳು.

ಇಂಥ ಹೊತ್ತಿನಲ್ಲಿ ಒಂದು ಬೆಳಿಗ್ಗೆ ಸೊರಬದಿಂದ ಪರಮಶಿವಪ್ಪನವರು ಬಂದರು. ಅರವತ್ತಾರರ ಆಸುಪಾಸು, ಹಣೆಗೆ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಅಂಗಿ. ನಲವತ್ತು ವರ್ಷ ಮನೆಗೆ ಹೊಂದಿಕೊಂಡೇ ಅಕ್ಕಿ ಮಿಲ್ಲು ನಡೆಸಿ, ಎರಡು ವರ್ಷದ ಹಿಂದೆ ಮುಚ್ಚಿ, ಎಂಜಿನ್ ಮಾರಿ ಮನೆಯಲ್ಲಿದ್ದವರು. ಅಂಗಡಿಯ ಮುಂದೆ ಯಾರದೋ ಕಾರು ಜೋರಾಗಿ ಬಡಿದುಕೊಳ್ಳುತ್ತ ನಿಂತಿತ್ತು. ಅವರು ಒಳಗೆ ಬರದೆ ಮೊದಲು ಆ ಕಾರಿನ ಡಿಕ್ಕಿಯ ಮೇಲೆ ಅಂಗೈ ಇಟ್ಟರು. ಸ್ವಲ್ಪ ಹೊತ್ತು ಇಟ್ಟುಕೊಂಡು, ಬೇಡ ಎನ್ನುವಂತೆ ತಲೆಯಾಡಿಸಿದರು. ಅದು ಬೇರೆಯವರು ಮಾಡಿದ ಹಲಗೆಯ ಪೆಟ್ಟಿಗೆ. ಉಚ್ಚಂಗಪ್ಪನಿಗೆ ಅಲ್ಲಿಯೇ ಅವರ ಮೇಲೆ ಅಭಿಮಾನ ಹುಟ್ಟಿಬಿಟ್ಟಿತು.

ಅವರು ಕೇಳಿದ್ದು ಮೂರೇ ಸಂಗತಿ. ಪೆಟ್ಟಿಗೆ ಗಟ್ಟಿಯಾಗಿರಬೇಕು, ತಗಡು ಅಲುಗಬಾರದು, ಎಷ್ಟು ದಿನ ಬೇಕಾದರೂ ತಗೊಳ್ಳಿ. ಉಚ್ಚಂಗಪ್ಪನಿಗೆ ಕಣ್ಣು ತುಂಬಿ ಬಂದದ್ದೊಂದು ಬಾಕಿ. ಉಪ್ಪಿನ ಉಪಮೆಯಿಂದ ಶುರು ಮಾಡಿ ಅರ್ಧ ಗಂಟೆ ಮಾತಾಡಿದ. ಪರಮಶಿವಪ್ಪನವರು ಅವನ ಬಾಯಿಯಿಂದ ಕಣ್ಣು ಕೀಳದೆ ಕೂತಿದ್ದರು. ಅವನ ಮಾತನ್ನು ಆ ಪರಿ ಶ್ರದ್ಧೆಯಿಂದ ಹೆತ್ತ ತಾಯಿಯೂ ಕೇಳಿರಲಿಲ್ಲ. ಆ ದಿನ ಮನೆಗೆ ಹೋಗಿ, ಕೊನೆಗೂ ಒಬ್ಬ ರಸಿಕ ಸಿಕ್ಕಿದ ಎಂದು ರಜನಿಗೆ ಹೇಳಿದ.

ಮಾರನೆಯ ವಾರ ಅವರ ಕಾರು ಅಂಗಡಿಗೆ ಬಂತು, ಕೆಲಸ ಶುರುವಾಯಿತು. ಡಿಕ್ಕಿಯ ಎಡಮೂಲೆಗೆ ಟೇಪು ಅಂಟಿಸಿ, ಅದರ ಮೇಲೆ ಅಡುಗೆಮನೆಯ ಬೆಳ್ಳಿಹಾಳೆ ಹೊದಿಸಿ, ಅದರ ಮೇಲೆ ಗಾಜಿನ ನಾರಿನ ಚಾಪೆಯ ತುಂಡುಗಳನ್ನಿಟ್ಟು, ರೆಸಿನ್ ಎಂಬ ಕಲ್ಲಾಗುವ ಅಂಟು ಬಳಿದು, ಗುಳ್ಳೆ ಉಳಿಯದಂತೆ ಬ್ರಷ್ಷಿನ ತುದಿಯಿಂದ ಕುಟ್ಟಿ ಕೂರಿಸಿದ. ಒಂದು ಪದರ ಒಣಗಿದ ಮೇಲೆ ಇನ್ನೊಂದು. ಬೇರೆಯವರಿಗಾದರೆ ನಾಲ್ಕು ಪದರಕ್ಕೆ ಕೈ ತೊಳೆದುಕೊಳ್ಳುತ್ತಿದ್ದವನು ಇವರಿಗೆ ಏಳು ಹಾಕಿದ. ರೆಸಿನ್ನಿನ ಘಾಟಿಗೆ ಟೈರಿನ ಅಂಗಡಿಯವನು ಬಾಗಿಲು ಎಳೆದುಕೊಂಡ. ಗಾಜಿನ ಪುಡಿ ಅಂಟಿದ ಅಂಗಿಗಳನ್ನು ರಜನಿ ಕೋಲಿನಲ್ಲಿ ಎತ್ತಿ ಬೇರೆ ಬಕೆಟ್ಟಿಗೆ ಹಾಕುತ್ತಿದ್ದಳು.

ಪರಮಶಿವಪ್ಪನವರು ಎರಡು ದಿನಕ್ಕೊಮ್ಮೆ ಬಸ್ಸಿನಲ್ಲಿ ಬಂದು ನೋಡಿಕೊಂಡು ಹೋಗುತ್ತಿದ್ದರು. ಒಂದು ಸಲ ಉಚ್ಚಂಗಪ್ಪ ಮಾಸ್ಕ್ ಹಾಕಿಕೊಂಡೇ ಕೆಲಸದ ಬಗ್ಗೆ ಹೇಳತೊಡಗಿದಾಗ ಅವರು ಕೈಯೆತ್ತಿ ತಡೆದರು.

"ಆ ಬಟ್ಟೆ ತೆಗೆದು ಮಾತಾಡಿ."

ಉಚ್ಚಂಗಪ್ಪ ನಾಲಿಗೆ ಕಚ್ಚಿಕೊಂಡು ತೆಗೆದ. ಹಿರಿಯರ ಮುಂದೆ ಮುಖ ಮುಚ್ಚಿಕೊಂಡು ಮಾತಾಡಬಾರದೆಂಬ ರೀತಿನೀತಿ ಹಳಬರಲ್ಲಿ ಮಾತ್ರ ಉಳಿದಿದೆ ಎಂದುಕೊಂಡ. ಫೋನು ಮಾಡಿದಾಗಲೆಲ್ಲ ಅವರ ಮನೆಯವರು ನೀಲಾಂಬಿಕಮ್ಮ ಎತ್ತಿ, ಮೆಸೇಜು ಹಾಕಿ, ನೋಡ್ತಾರೆ ಎನ್ನುತ್ತಿದ್ದರು. ದೊಡ್ಡವರು ಕಂಡಕಂಡದ್ದಕ್ಕೆಲ್ಲ ಫೋನಿಗೆ ಬರುವುದಿಲ್ಲ ಎಂದು ಅದನ್ನೂ ಗೌರವದ ಲೆಕ್ಕಕ್ಕೇ ಹಾಕಿಕೊಂಡ.

ಏಳು ಪದರದ ಆ ಚಿಪ್ಪನ್ನು ಡಿಕ್ಕಿಯಿಂದ ಬಿಡಿಸಿ ಹೊರಗೆ ತೆಗೆದ ದಿನವಂತೂ ಅವನು ಬೆರಗಾಗಿಹೋದ. ಒಳಗೆ ಎಷ್ಟು ಗಾಳಿ ಹಿಡಿಯುತ್ತದೆ ಎಂದು ತಿಳಿಯಲು ಥರ್ಮಾಕೋಲ್ ಕಾಳು ತುಂಬಿ ಅಳೆಯುವುದು ಅವನ ಪದ್ಧತಿ. ಪರಮಶಿವಪ್ಪನವರು ಚಿಪ್ಪನ್ನು ಒಂದು ಸುತ್ತು ನೋಡಿ, ಭತ್ತವಾದರೆ ಇಪ್ಪತ್ತೆಂಟು ಸೇರು ಹಿಡಿಯುತ್ತದೆ ಎಂದರು. ಸೇರೆಂದರೆ ಹೆಚ್ಚುಕಡಿಮೆ ಒಂದು ಲೀಟರು. ಅಳೆದರೆ ಇಪ್ಪತ್ತೆಂಟು ಲೀಟರಿಗೆ ಒಂದು ಹಿಡಿ ಹೆಚ್ಚು ಬಂತು. ಅದರಲ್ಲಿ ಕೂರಿಸಬೇಕಿದ್ದ ಸ್ಪೀಕರಿಗೆ ಬೇಕಾಗಿದ್ದದ್ದು ಹೆಚ್ಚುಕಡಿಮೆ ಅಷ್ಟೇ.

ಸ್ಪೀಕರ್ ಕೂರುವ ಉಂಗುರವನ್ನು ಸರಿಯಾದ ಕೋನದಲ್ಲಿ ನಿಲ್ಲಿಸಿ, ಉಣ್ಣೆಯಂಥ ಬಟ್ಟೆಯನ್ನು ಮದ್ದಳೆಗೆ ಚರ್ಮ ಬಿಗಿದಂತೆ ಅದರ ಮೇಲೆ ಎಳೆದು ಬಿಗಿದು, ರೆಸಿನ್ ಕುಡಿಸಿ, ಒಣಗಿಸಿ, ಉಜ್ಜಿ, ಮತ್ತೆ ಉಜ್ಜಿ, ಡಿಕ್ಕಿಯದೇ ಬಣ್ಣದ ಕಾರ್ಪೆಟ್ ಹೊದಿಸಿದ. ಒಟ್ಟು ಹತ್ತೊಂಬತ್ತು ದಿನ. ಕೂರಿಸಿದ ಮೇಲೆ ಅದು ಕಂಪನಿಯವರೇ ಇಟ್ಟು ಕಳಿಸಿದಂತೆ ಕಾಣುತ್ತಿತ್ತು. ಅಂಥದ್ದು ಅವನ ಕೈಯಿಂದ ಹಿಂದೆ ಆಗಿರಲಿಲ್ಲ.

ಕಾರನ್ನು ತಾನೇ ಓಡಿಸಿಕೊಂಡು ಸೊರಬಕ್ಕೆ ಹೋದ. ಒಂದು ಪೆನ್ ಡ್ರೈವಿನಲ್ಲಿ ಕೊಳಲು, ಪಿಟೀಲು, ತಂಬೂರಿ, ಮೃದಂಗ ಎಲ್ಲವನ್ನೂ ಆರಿಸಿ ತುಂಬಿಕೊಂಡಿದ್ದ. ಮನೆಯ ಮುಂದೆ ಕಾರು ನಿಲ್ಲಿಸಿ, ಪರಮಶಿವಪ್ಪನವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ತಾನು ಹಿಂದಿನ ಸೀಟಿನಲ್ಲಿ ಕೂತ. ಕಣ್ಣು ಮುಚ್ಚಿ ಕೇಳಬೇಕು ಎಂದು ಮೊದಲೇ ಹೇಳಿದ್ದ, ಅವರು ಮುಚ್ಚಿದ್ದರು. ತಂಬೂರಿಯ ಶ್ರುತಿಯ ಕೆಳಗೆ ಮೃದಂಗದ ಎಡಭಾಗದ ಗುಂಕಾರ ಹೇಗೆ ಬೇರೆಯಾಗಿ ನಿಲ್ಲುತ್ತದೆ ಎಂದು ಹಿಂದಿನಿಂದ ವಿವರಿಸುತ್ತ ಹೋದ. ಹತ್ತು ನಿಮಿಷವಾದರೂ ಅವರು ಕಣ್ಣು ತೆರೆಯಲಿಲ್ಲ, ತಲೆದೂಗಲೂ ಇಲ್ಲ. ಹೇಗಿದೆ ಎಂದು ಎರಡು ಸಲ ಕೇಳಿದ. ಮೈಮರೆತಿದ್ದಾರೆ ಎಂದುಕೊಂಡ.

ಕಾಫಿ ತಂದ ನೀಲಾಂಬಿಕಮ್ಮ ಕಾರಿನ ಕಿಟಕಿಯ ಹತ್ತಿರ ನಿಂತು ಸ್ವಲ್ಪ ಹೊತ್ತು ಇದನ್ನು ನೋಡಿದರು.

"ಯಾರ ಹತ್ರ ಮಾತಾಡ್ತಾ ಇದೀರಿ ನೀವು?"

"ಯಜಮಾನ್ರ ಹತ್ರ ರೀ ಅಮ್ಮ."

"ಅವರಿಗೆ ಕೇಳೋದಿಲ್ಲ ಮಾರಾಯ್ರೆ. ಮಿಲ್ಲಿನ ಸದ್ದಿಗೆ ಕಿವಿ ಹೋಗಿ ಹನ್ನೆರಡು ವರ್ಷ ಆಯ್ತು. ಎದುರಿಗೆ ನಿಂತರೆ ಬಾಯಿ ನೋಡಿ ತಿಳ್ಕೊಳ್ತಾರೆ. ನಿಮಗೆ ಹೇಳಲಿಲ್ವಾ?"

ಉಚ್ಚಂಗಪ್ಪ ತನ್ನ ಕೈಗಳನ್ನು ನೋಡಿಕೊಂಡ. ಹತ್ತೊಂಬತ್ತು ದಿನ, ಏಳು ಪದರ, ತುರಿಕೆ ಎದ್ದ ಎರಡು ಕೈ. ಮೃದಂಗ ಅದರ ಪಾಡಿಗೆ ನುಡಿಯುತ್ತಿತ್ತು. ಇಳಿದು ಹೋಗಿ ಅವರ ಎದುರಿಗೆ ನಿಂತ. ಅವರು ಕಣ್ಣು ತೆರೆದರು.

"ನಿಮಗ ಕಿವಿ ಕೇಳೋದಿಲ್ಲ ಅಂತ ಒಂದು ಮಾತು ಹೇಳಬಾರ್ದಿತ್ತೇನ್ರಿ?"

"ಕಿವಿಗೆ ಬೇಕು ಅಂತ ನಾನು ಎಲ್ಲಿ ಹೇಳಿದೆ?" ಎಂದರು ಪರಮಶಿವಪ್ಪನವರು.

ಅವರು ಹೇಳಿರಲಿಲ್ಲ, ನಿಜ. ಗಟ್ಟಿಯಾಗಿರಬೇಕು, ತಗಡು ಅಲುಗಬಾರದು, ನಿಧಾನವಾಗಿ ಮಾಡಿ ಎಂದಷ್ಟೇ ಹೇಳಿದ್ದರು. ಉಳಿದದ್ದನ್ನೆಲ್ಲ ಉಚ್ಚಂಗಪ್ಪನೇ ಸೇರಿಸಿಕೊಂಡಿದ್ದ.

ಅವರು ಜೇಬಿನಿಂದ ತಮ್ಮದೇ ಒಂದು ಪೆನ್ ಡ್ರೈವ್ ತೆಗೆದುಕೊಟ್ಟರು. ಎಂಜಿನ್ ಮಾರುವ ಮುಂಚೆ, ಮದುವೆಗಳಿಗೆ ವೀಡಿಯೋ ತೆಗೆಯುವವನೊಬ್ಬನನ್ನು ಕರೆಸಿ, ಅವನ ಒಳ್ಳೆಯ ಮೈಕಿನಲ್ಲಿ ಒಂದು ಗಂಟೆ ಅದರ ಸದ್ದು ಹಿಡಿಸಿಟ್ಟಿದ್ದರಂತೆ. ಹಾಕಿದರೆ, ಹಳೆಯ ಡೀಸೆಲ್ ಎಂಜಿನ್ನು ನಿಧಾನಕ್ಕೆ ಉಸಿರು ಎಳೆದು, ಒಂದು ಬಡಿತ, ಮತ್ತೊಂದು ಬಡಿತ, ಆಮೇಲೆ ಬಿಡದೆ ನಡೆಯತೊಡಗಿತು. ಕೊಳಲು ಪಿಟೀಲಿಗೆಂದು ಮಾಡಿದ ಪೆಟ್ಟಿಗೆಯಿಂದ ಅಕ್ಕಿ ಮಿಲ್ಲು ಹೊರಟಿತು. ನೀಲಾಂಬಿಕಮ್ಮ ಕಾಫಿಯ ಲೋಟವನ್ನು ಕಟ್ಟೆಯ ಮೇಲಿಟ್ಟು, ಎರಡು ವರ್ಷ ಆರಾಮಾಗಿತ್ತು ಎಂದು ತಮ್ಮಷ್ಟಕ್ಕೆ ಅಂದು ಒಳಗೆ ಹೋದರು.

ಪರಮಶಿವಪ್ಪನವರು ಇಳಿದು ಬಂದು ಡಿಕ್ಕಿ ತೆರೆಸಿದರು. ಪೆಟ್ಟಿಗೆಯ ಮೇಲೆ ಅಂಗೈ ಇಟ್ಟರು. ನಡುವಿನಿಂದ ಅಂಚಿಗೆ, ಅಂಚಿನಿಂದ ಕೆಳಕ್ಕೆ, ಜ್ವರ ಬಂದ ದನದ ಮೈ ಸವರುವಂತೆ ಕೈ ಸರಿಸುತ್ತ ಹೋದವರು ಉಂಗುರದ ಕೆಳಗೆ ಒಂದು ಕಡೆ ನಿಂತರು.

"ಇಲ್ಲಿ ಗಾಳಿ ಬಿಡ್ತಾ ಇದೆ."

ಉಚ್ಚಂಗಪ್ಪನಿಗೆ ಮೈ ಉರಿಯಿತು. ಸದ್ದು ಕೇಳಿಸದವರು ತನ್ನ ಪೆಟ್ಟಿಗೆಗೆ ಹೆಸರಿಡುವುದೆಂದರೆ. ಗಾಳಿ ಬಿಟ್ಟಿದ್ದರೆ ಸೀಟಿಯಂಥ ಸಣ್ಣ ಸದ್ದು ಬರುತ್ತದೆ, ಅದು ತನಗೆ ಕೇಳಿಸಬೇಕಿತ್ತು ಎಂದು ಅವರ ಮುಖಕ್ಕೆ ಎದುರಾಗಿ ನಿಂತು ಬಿಡಿಸಿ ಬಿಡಿಸಿ ಹೇಳಿದ. ಮೂರು ಸಲ ಕಿವಿ ಇಟ್ಟು ಕೇಳಿ, ಏನೂ ಇಲ್ಲ ಎಂದ. ಅವರು ವಾದಿಸಲಿಲ್ಲ. ಒಳಗೆ ಹೋಗಿ ದೇವರ ಕೋಣೆಯಿಂದ ಉರಿಯುತ್ತಿದ್ದ ಊದುಬತ್ತಿ ತಂದು ಉಂಗುರದ ಕೆಳಗೆ ಹಿಡಿದರು. ನೆಟ್ಟಗೆ ಏಳುತ್ತಿದ್ದ ಹೊಗೆ ಒಂದೊಂದು ಬಡಿತಕ್ಕೂ ಬೆಚ್ಚಿಬಿದ್ದಂತೆ ಪಕ್ಕಕ್ಕೆ ಹಾರತೊಡಗಿತು.

ಉಚ್ಚಂಗಪ್ಪ ಸ್ಕ್ರೂ ಡ್ರೈವರ್ ತೆಗೆದು ಪೆಟ್ಟಿಗೆ ಬಿಚ್ಚಿ, ಸೀಟಿನ ಮೇಲೆ ಮಲಗಿಸಿ, ಅದೇ ಕಾರಿನಲ್ಲಿ ಶಿಕಾರಿಪುರಕ್ಕೆ ವಾಪಸು ಹೊರಟ. ದಾರಿಯುದ್ದಕ್ಕೂ ಒಂದು ಹಾಡನ್ನೂ ಹಾಕಲಿಲ್ಲ. ಅಂಗಡಿಯಲ್ಲಿ ಕಾರ್ಪೆಟ್ ಕಿತ್ತು ನೋಡಿದರೆ, ಬಟ್ಟೆ ಉಂಗುರವನ್ನು ಕೂಡುವಲ್ಲಿ ರೆಸಿನ್ ಸರಿಯಾಗಿ ಹಿಡಿಯದೆ, ಸೂಜಿ ಹೋಗುವಷ್ಟು ತೂತಿತ್ತು. ಅದನ್ನು ಒಳಗಿನಿಂದ ಎರಡು ಪದರ ಹಾಕಿ ಮುಚ್ಚಿದ. ರಜನಿ ಅಂಗಿಯನ್ನು ಕೋಲಿನಲ್ಲಿ ಎತ್ತುತ್ತ, ನಿಮ್ಮ ರಸಿಕರು ಏನಂದರು ಎಂದು ಕೇಳಿದಳು. ಅವರ ಕೈ ಬಹಳ ಸೂಕ್ಷ್ಮ ಎಂದ. ಕಿವಿಯ ವಿಷಯ ಹೇಳಲು ಅವನಿಗೆ ನಾಲ್ಕು ದಿನ ಹಿಡಿಯಿತು. ಹೇಳಿದಾಗ ಅವಳು ನಗಲಿಲ್ಲ. ಉಪ್ಪಿನ ಮಾತನ್ನಾದರೂ ಒಬ್ಬರು ಪೂರ್ತಿ ನೋಡಿದರಲ್ಲ, ಬಿಡಿ ಎಂದಳು.

ಎರಡನೆಯ ಸಲ ಹೊಗೆ ನೆಟ್ಟಗೆ ನಿಂತಿತು. ಪರಮಶಿವಪ್ಪನವರು ಅಂಗೈ ಇಟ್ಟು, ಈಗ ಸರಿ ಹೋಯಿತು ಎಂದರು. ಅಂದಿನಿಂದ ಬೆಳಿಗ್ಗೆ ಒಂಬತ್ತಕ್ಕೆ, ಮಿಲ್ಲು ಶುರುವಾಗುತ್ತಿದ್ದ ಹೊತ್ತಿಗೆ, ಮನೆಯ ಮುಂದೆ ನಿಂತ ಕಾರಿನ ಹಿಂದಿನ ಸೀಟಿನಲ್ಲಿ ಬೆನ್ನು ಒರಗಿಸಿ ಕೂತು ಒಂದು ಗಂಟೆ ಪೇಪರು ಓದುವುದು ಅವರ ಕ್ರಮವಾಯಿತು. ಮಿಲ್ಲು ನಿಂತಂದಿನಿಂದ ಕಾಲಡಿಯ ನೆಲ ಸತ್ತ ಹಾಗೆ ಅನ್ನಿಸುತ್ತಿತ್ತು, ಅದಕ್ಕೆ ಬೇಕಾಯಿತು ಎಂದು ಉಚ್ಚಂಗಪ್ಪನಿಗೆ ಮೆಸೇಜು ಮಾಡಿದ್ದರು.

ಪಕ್ಕದ ಮನೆಯ ಗಂಗಾಧರಪ್ಪನವರಿಗೆ ಮಾತ್ರ ಇದು ಹೊಸ ಕಷ್ಟವಾಯಿತು. ಮಿಲ್ಲಿದ್ದಾಗ ಅದರ ಸದ್ದಿನ ಮೇಲೆ ಹದಿನೈದು ವರ್ಷ ಅರ್ಜಿ ಬರೆದವರು ಅವರು. ಈಗ ಮತ್ತೆ ದೂರು ಕೊಟ್ಟರು. ಬಂದ ಪೊಲೀಸಿನವರು ರಸ್ತೆಯಲ್ಲಿ ನಿಂತು ಕಿವಿಗೊಟ್ಟರು. ಏಳು ಪದರದ ಪೆಟ್ಟಿಗೆ, ಬಾಗಿಲು ಹಾಕಿದ ಕಾರು. ಎಲ್ಲೋ ದೂರದಲ್ಲಿ ಯಾರೋ ಹಾಸಿಗೆ ಕೊಡವಿದಷ್ಟು ಸದ್ದು. ಸದ್ದು ಎಲ್ಲಿದೆ ಎಂದು ಕೇಳಿದರು.

"ಸದ್ದಿಲ್ಲ ಸ್ವಾಮಿ," ಎಂದರು ಗಂಗಾಧರಪ್ಪನವರು. "ನಮ್ಮನೆ ತಟ್ಟೆ ಲೋಟ ನಡುಗ್ತಾವೆ."

ಹಾಗೆಂದು ಬರೆದುಕೊಳ್ಳುವುದು ಹೇಗೆಂದು ತಿಳಿಯದೆ ಪೊಲೀಸಿನವರು ಕಾಫಿ ಕುಡಿದು ಹೋದರು. ನೀಲಾಂಬಿಕಮ್ಮ ಗಂಗಾಧರಪ್ಪನವರ ಹೆಂಡತಿಗೆ, ಲೋಟಗಳ ಅಡಿಗೆ ಹಳೆಯ ಟವೆಲ್ಲು ಹಾಸುವ ಉಪಾಯ ಹೇಳಿಕೊಟ್ಟರು. ನಲವತ್ತು ವರ್ಷ ತಾವೂ ಹಾಗೆಯೇ ಮಾಡಿದ್ದರು.

ಉಚ್ಚಂಗಪ್ಪ ಉಪ್ಪಿನ ಮಾತು ಬಿಟ್ಟ. ಹೊಸ ಪೆಟ್ಟಿಗೆ ಮುಗಿದ ಕೂಡಲೇ ಗಿರಾಕಿಯ ಕಾರನ್ನು ಸೊರಬಕ್ಕೆ ಓಡಿಸಿಕೊಂಡು ಹೋಗಿ, ಪರಮಶಿವಪ್ಪನವರ ಅಂಗೈ ಮುಟ್ಟಿಸಿಕೊಂಡು ಬರುವುದು ರೂಢಿಯಾಯಿತು. ತಮ್ಮ ಸೌಂಡು ಪರೀಕ್ಷಿಸುವವರು ಎಂಥ ಕಿವಿಯವರೋ ಎಂದು ಶಿಕಾರಿಪುರದ ಹುಡುಗರು ಬೆರಗಿನಿಂದ ಮಾತಾಡಿಕೊಳ್ಳುತ್ತಾರೆ. ಅವನು ತಿದ್ದಲು ಹೋಗಿಲ್ಲ. ಮೊನ್ನೆ ತೊಗರ್ಸಿಯ ಒಬ್ಬರ ಪೆಟ್ಟಿಗೆ ಸೊರಬದಿಂದ ಎರಡು ಸಲ ವಾಪಸು ಬಂದಿದೆ. ಮೂರನೆಯ ಸಲಕ್ಕೆ ಅವನು ಈಗ ರೆಸಿನ್ ಕಲಸುತ್ತಿದ್ದಾನೆ.