ಮೀನಖಂಡ

"ಖೋ!" ಎಂದು ಬೆನ್ನ ಮೇಲೆ ಅಂಗೈ ಬಿದ್ದರೂ ಅಂಬರೀಶ ಜಿಗಿದು ಏಳಲಿಲ್ಲ. ಮೊದಲು ಎರಡೂ ಕೈ ನೆಲಕ್ಕೆ ಊರಿ ಸೊಂಟ ಮೇಲೆತ್ತಿದ. ಆಮೇಲೆ ಮಣ್ಣು ಮೆತ್ತಿದ ಒಂದು ಕೈ ಮೊಣಕಾಲಿಗೆ ಒತ್ತಿ, ಇನ್ನೊಂದನ್ನು ತೊಡೆಗೆ ಒತ್ತಿ, ತನ್ನ ಮೈಯನ್ನೇ ಹಿಡಿದು ಹತ್ತುವವನ ಹಾಗೆ ನಿಧಾನವಾಗಿ ನೆಟ್ಟಗಾದ. ಅಷ್ಟರಲ್ಲಿ ಅವನು ಅಟ್ಟಬೇಕಾಗಿದ್ದ ಹುಡುಗಿ ಕಂಬ ಸುತ್ತಿ ಆಚೆ ಬದಿಗೆ ಹೋಗಿ, ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು.

"ಉಠ್ ನಾ ಆಜೋಬಾ!" ಎಂದು ಖೋ ಕೊಟ್ಟಿದ್ದ ಸುಜಿತ್ ಕೂಗಿದ. ಸಾಲಿನಲ್ಲಿ ಕೂತ ಮಕ್ಕಳೆಲ್ಲ ನಕ್ಕರು. ಅಂಬರೀಶನೂ ನಕ್ಕ. ಏಳು ವರ್ಷದ ಅವನಿಗೆ ಅಜ್ಜ ಅನ್ನಿಸಿಕೊಳ್ಳುವುದು ರೂಢಿಯಾಗಿಬಿಟ್ಟಿತ್ತು.

ನಗು ಬರದಿದ್ದದ್ದು ಕಾಂಪೌಂಡಿನ ಆಚೆ ನಿಂತಿದ್ದ ಅವನ ಅಪ್ಪ ಶಿವಕಾಂತನಿಗೆ. ನಾಸಿಕ್ ಪಕ್ಕದ ಅಂಬಡ್‌ನ ಬಿಡಿಭಾಗದ ಕಾರ್ಖಾನೆಯಲ್ಲಿ ಮೊದಲ ಪಾಳಿ ಮುಗಿಸಿ, ಎಣ್ಣೆ ಕಲೆಯ ಯೂನಿಫಾರ್ಮಿನಲ್ಲೇ ನೇರ ಮೈದಾನಕ್ಕೆ ಬಂದಿದ್ದ.

"ಅಂಬ್ಯಾ! ಊಟಕ್ಕ ಕುಂತೀಯೇನೋ ಅಲ್ಲಿ? ಲಗೂನ ಏಳ್ಲಾಕ ಏನ್ ಧಾಡಿ ನಿನಗ?" ಎಂದು ಗೋಡೆಯ ಮೇಲಿಂದ ಕನ್ನಡದಲ್ಲಿ ಗದರಿದ. ಉಳಿದ ಮಕ್ಕಳಿಗೆ ಮಾತು ತಿಳಿಯಲಿಲ್ಲ, ದನಿ ತಿಳಿಯಿತು. ಅವರು ನಗು ನಿಲ್ಲಿಸಿದರು.

ಭಾಲ್ಕಿಯ ಹೈಸ್ಕೂಲಿನಲ್ಲಿ ಓದುವಾಗ ಶಿವಕಾಂತ ಖೋಖೋ ತಂಡದ ನಾಯಕನಾಗಿದ್ದ. ಕಲಬುರಗಿಯ ವಿಭಾಗ ಮಟ್ಟದ ಪಂದ್ಯದಲ್ಲಿ ಆರು ನಿಮಿಷ ಯಾರ ಕೈಗೂ ಸಿಗದೆ ಓಡಿದ್ದನ್ನು ಇವತ್ತಿಗೂ ಕ್ಯಾಂಟೀನಿನಲ್ಲಿ ಹೇಳುತ್ತಿದ್ದ. ಮಗನಿಗೆ ನಾಲ್ಕು ತುಂಬುವಷ್ಟರಲ್ಲಿ ಅವನ ಮೀನಖಂಡಗಳು ಗುಂಡಗೆ ಗಟ್ಟಿಯಾಗಿ ಉಬ್ಬಿದ್ದನ್ನು ನೋಡಿ ಇವನು ನನ್ನವನೇ ಅಂದುಕೊಂಡಿದ್ದ. ಕಾರ್ಖಾನೆಯ ಗೆಳೆಯರು ಮನೆಗೆ ಬಂದರೆ ಹುಡುಗನನ್ನು ತಿರುಗಿಸಿ ನಿಲ್ಲಿಸಿ, "ನೋಡ್ರಿ, ಪೈಲ್ವಾನನ ಕಾಲು" ಎಂದು ತೋರಿಸುತ್ತಿದ್ದ. ಅಂಥ ಕಾಲಿದ್ದೂ ಓಟದಲ್ಲಿ ಕೊನೆಗೆ ಬರುತ್ತಾನೆಂದರೆ ಅದು ಸೋಮಾರಿತನವೇ ಸೈ ಎಂದು ಅವನ ತೀರ್ಮಾನ. ಅದಕ್ಕಾಗಿ ದಿನಾ ಬೆಳಿಗ್ಗೆ ಶಾಲೆಗೆ ಮುಂಚೆ ಮಗನಿಂದ ಐವತ್ತು ಬಸ್ಕಿ ಹೊಡೆಸುತ್ತಿದ್ದ. ಇಪ್ಪತ್ತಕ್ಕೇ ಹುಡುಗನ ತೊಡೆ ನಡುಗುತ್ತಿದ್ದವು. "ಪಪ್ಪಾ, ಪಾಯ್ ದುಖತಾತ್" ಎಂದು ಕಾಲು ನೋವು ಹೇಳಿಕೊಂಡರೆ, "ಕನ್ನಡದಾಗ ಹೇಳು, ಆಮ್ಯಾಲ ಬಿಡ್ತೀನಿ" ಎನ್ನುತ್ತಿದ್ದ. ಹುಡುಗ ಕನ್ನಡದಲ್ಲಿ ಹೇಳಿದ ಮೇಲೂ ಬಿಡುತ್ತಿರಲಿಲ್ಲ.

ಅವತ್ತು ಆಟ ಮುಗಿದ ಮೇಲೆ ಕೋಚ್ ಅಲಕಾತಾಯಿ ಗೋಡೆಯ ಹತ್ತಿರ ಬಂದರು. ಒಂದು ಕಾಲಕ್ಕೆ ಜಿಲ್ಲೆಯ ತಂಡಕ್ಕೆ ಆಡಿದವರು, ಐವತ್ತು ದಾಟಿದ ಹೆಂಗಸು. ಶಿವಕಾಂತನೇ ಮೊದಲು ಮರಾಠಿಯಲ್ಲಿ ಕ್ಷಮೆ ಕೇಳಿದ. "ಮನೆಯಲ್ಲಿ ಅಭ್ಯಾಸ ಮಾಡಿಸ್ತೀನಿ ತಾಯಿ. ಮುಂದಿನ ತಿಂಗಳ ಪಂದ್ಯಕ್ಕೆ ತಯಾರಾಗ್ತಾನೆ."

"ಪಂದ್ಯದ ಮಾತಲ್ಲ," ಎಂದರು ಅವರು. "ಮೂರು ವಾರದಿಂದ ನೋಡ್ತಾ ಇದೀನಿ. ಈ ವಯಸ್ಸಿನ ಮಗು ನೆಲದಿಂದ ಹೀಗೆ ಏಳೋದಿಲ್ಲ. ಬೈಬೇಡಿ ಅವನಿಗೆ. ಒಮ್ಮೆ ಡಾಕ್ಟರಿಗೆ ತೋರಿಸಿ."

ಮನೆಗೆ ಬಂದು ಹೇಳಿದಾಗ ಹೆಂಡತಿ ಮಂಜುಳಾ ರೊಟ್ಟಿ ಬಡಿಯುತ್ತಿದ್ದಳು. ಕೈ ಒಂದು ಗಳಿಗೆ ನಿಂತಿತು.

"ಡಾಕ್ಟರ್ ಯಾಕ್ರಿ? ಇನ್ನಾ ಸಣ್ಣಾಂವ ಅದಾನ. ಬೆಳೀತಾ ಬೆಳೀತಾ ಗಟ್ಟಿ ಆತಾನ."

"ನಾನೂ ಅದೇ ಅಂತೀನಿ. ಸೋಮಾರಿ ಅದಾನ, ಸುಸ್ತಿ ಜಾಸ್ತಿ ಅದ ಇವಂಗ, ಮತ್ತೇನಿಲ್ಲ."

"ಹೌದ್ರಿ, ಸುಸ್ತಿ," ಎಂದು ಅವಳು ಥಟ್ಟನೆ ಒಪ್ಪಿಕೊಂಡಳು. "ಮಾಡಸ್ರಿ ನೀವು ಬಸ್ಕಿ. ಇನ್ನಾ ಹತ್ತು ಜಾಸ್ತಿನೇ ಮಾಡಸ್ರಿ."

ಮಗನ ಪರ ವಹಿಸದೆ ಅವಳು ಮಾತಾಡಿದ್ದು ಅದೇ ಮೊದಲು. ಶಿವಕಾಂತನಿಗೆ ಖುಷಿಯೇ ಆಯಿತು. ಇನ್ನೆರಡು ವಾರ ಅರವತ್ತು ಬಸ್ಕಿ ನಡೆದವು. ಮೂರನೇ ವಾರದ ಒಂದು ಬೆಳಿಗ್ಗೆ ಅಂಬರೀಶ ಮನೆಯಿದ್ದ ಚಾಳಿನ ಮೆಟ್ಟಿಲು ಇಳಿಯುವಾಗ ಮುಗ್ಗರಿಸಿ ತುಟಿ ಒಡೆದುಕೊಂಡ. ಹೊಲಿಗೆ ಹಾಕಿದ ಡಾಕ್ಟರು ಹುಡುಗ ನಡೆಯುವುದನ್ನು ಎರಡು ಸಲ ನೋಡಿ ರಕ್ತ ತೆಗೆಸಿದರು. ಆ ರಿಪೋರ್ಟು ಬಂದ ಮೇಲೆ ಇನ್ನೊಂದು ಪರೀಕ್ಷೆ ಬರೆದುಕೊಟ್ಟರು. ಅದೂ ಬಂದ ಮೇಲೆ, ಇದರ ತಜ್ಞರು ಸಂಭಾಜಿನಗರದಲ್ಲಿದ್ದಾರೆ, ಅವರೇ ವಿವರವಾಗಿ ಹೇಳುತ್ತಾರೆ ಎಂದು ಚೀಟಿ ಕೊಟ್ಟರು.

ಸಂಭಾಜಿನಗರದ ಆ ಆಸ್ಪತ್ರೆಯ ಗೋಡೆಗಳ ಮೇಲೆ ಜಿರಾಫೆಗಳ ಚಿತ್ರವಿತ್ತು. ತಜ್ಞರು ಶಿವಕಾಂತನ ವಯಸ್ಸಿನವರೇ, ಮೆದು ದನಿಯವರು. ಅಂಬರೀಶನನ್ನು ನೆಲದ ಮೇಲೆ ಕೂರಿಸಿ ಏಳು ಎಂದರು. ಹುಡುಗ ಅಪ್ಪನ ಕಡೆ ನೋಡಿದ. ಬೇಗ ಏಳಬೇಕೆಂದು ಹಲ್ಲು ಕಚ್ಚಿ ಪ್ರಯತ್ನಿಸಿದ. ಕೈ ನೆಲಕ್ಕೆ, ಕೈ ಮೊಣಕಾಲಿಗೆ, ಕೈ ತೊಡೆಗೆ. ಎದ್ದು ನಿಂತು ಏದುಸಿರು ಬಿಡುತ್ತಾ, "ಫಾಸ್ಟ್ ಝಾಲಂ ನಾ?" ಎಂದು, ಬೇಗ ಆಯಿತಲ್ಲವೇ ಎಂಬಂತೆ, ಕೇಳಿದ.

"ತುಂಬಾ ಫಾಸ್ಟ್," ಎಂದು ಡಾಕ್ಟರು ಅವನನ್ನು ನರ್ಸಿನ ಜೊತೆ ಆಟದ ಕೋಣೆಗೆ ಕಳಿಸಿದರು. ಕಳಿಸುವ ಮುಂಚೆ ಅವನ ಮೀನಖಂಡವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ್ದರು.

ಬಾಗಿಲು ಮುಚ್ಚಿದ ಮೇಲೆ ಹಿಂದಿಯಲ್ಲಿ ನಿಧಾನವಾಗಿ ಹೇಳಿದರು. ಆ ಉಬ್ಬು ಶಕ್ತಿಯದ್ದಲ್ಲ. ಸ್ನಾಯು ಸಾಯುತ್ತಿದೆ, ಸತ್ತ ಜಾಗದಲ್ಲಿ ಕೊಬ್ಬು ತುಂಬಿಕೊಂಡಿದೆ. ಹುಟ್ಟಿನಿಂದಲೇ ಬಂದ ಕಾಯಿಲೆ. ಹತ್ತೋ ಹನ್ನೊಂದೋ ವಯಸ್ಸಿಗೆ ನಡಿಗೆ ನಿಲ್ಲುತ್ತದೆ. ಮಾತ್ರೆ ಕೊಟ್ಟರೆ ಒಂದೆರಡು ವರ್ಷ ಮುಂದೆ ಹೋಗಬಹುದು. ಆಮೇಲೆ ಕೈಗಳು. ಆಮೇಲೆ ಉಸಿರು, ಹೃದಯ. ಗುಣ ಮಾಡುವ ಔಷಧಿ ಸದ್ಯಕ್ಕೆ ತಮ್ಮ ಕೈಯಲ್ಲಿಲ್ಲ.

ಶಿವಕಾಂತ ಮೇಜಿನ ಮೇಲಿದ್ದ ಪ್ಲಾಸ್ಟಿಕ್ಕಿನ ಮೊಣಕಾಲು ಕೀಲನ್ನೇ ನೋಡುತ್ತಿದ್ದ.

"ವ್ಯಾಯಾಮ ಏನಾದರೂ ಮಾಡಿಸ್ತೀರಾ?" ಎಂದು ಡಾಕ್ಟರು ಕೇಳಿದರು.

"ಬಸ್ಕಿ," ಎಂದ. "ದಿನಾ ಅರವತ್ತು."

ಡಾಕ್ಟರ ಪೆನ್ನು ನಿಂತಿತು. "ಅದನ್ನ ಇವತ್ತೇ ನಿಲ್ಲಿಸಿ. ಜೋರು ಮಾಡಿದರೆ ಇರುವ ಸ್ನಾಯುವೂ ಹರಿಯುತ್ತೆ."

"ನಾನು ಮಾಡಿಸಿದ್ದಕ್ಕೇ..."

"ಕಾಯಿಲೆ ಅದರಿಂದ ಬಂದದ್ದಲ್ಲ," ಎಂದರು ಅವರು. ಅದರಿಂದ ಎಷ್ಟು ಹೋಯಿತು ಎಂಬುದನ್ನು ಅವನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಮಂಜುಳಾಳ ಕಡೆ ತಿರುಗಿದರು. "ನಿಮ್ಮ ತವರಿನಲ್ಲಿ ಹೀಗೆ ಯಾರಿಗಾದರೂ ಆಗಿತ್ತಾ? ಅಣ್ಣತಮ್ಮಂದಿರಿಗೆ, ಸೋದರಮಾವಂದಿರಿಗೆ?"

ಇಲ್ಲ ಎನ್ನಲು ಶಿವಕಾಂತ ಬಾಯಿ ತೆರೆದಿದ್ದ. ಅವಳ ಒಬ್ಬನೇ ಅಣ್ಣ ಜ್ವರ ಬಂದು ತೀರಿಕೊಂಡಿದ್ದ ಎಂದು ಅವನಿಗೆ ಗೊತ್ತಿತ್ತು. ಮದುವೆಯ ಮಾತುಕತೆಯಲ್ಲಿ ಹಾಗೆಂದೇ ಹೇಳಿದ್ದರು.

"ಅಣ್ಣ ಇದ್ದ," ಎಂದಳು ಮಂಜುಳಾ. "ಯಲ್ಲಾಲಿಂಗ. ಹತ್ತನೇ ವರ್ಷಕ್ಕ ಕಾಲ್ ಹ್ವಾದವು. ಹದಿನಾರಕ್ಕ ಹ್ವಾದ."

ಕನ್ನಡದಲ್ಲೇ ಹೇಳಿದಳು. ಡಾಕ್ಟರು ಅರ್ಥವಾಗದೆ ಶಿವಕಾಂತನ ಮುಖ ನೋಡಿದರು. ಅವನು ಹಿಂದಿಯಲ್ಲಿ ಒಂದೊಂದೇ ಮಾತಾಗಿ ತಿಳಿಸಬೇಕಾಯಿತು. ಅವರು ತಲೆಯಾಡಿಸಿ ಬರೆದುಕೊಂಡರು.

ಹೊರಗೆ ಬಂದು ಔಷಧಿ ಅಂಗಡಿಯ ಸಾಲಿನಲ್ಲಿ ನಿಂತಾಗ ಅವನು ಕೇಳಿದ.

"ನಿನಗ ಯಾವಾಗ ಗೊತ್ತಾತು?"

"ಅವಂಗ ನಾಕು ತುಂಬಿದಾಗ. ತುದಿಗಾಲ ಮ್ಯಾಲ ನಡೀಲತ್ತಿದ್ದ. ಅಣ್ಣನೂ ಹಂಗೇ ನಡೀತಿದ್ದ."

"ಮೂರು ವರ್ಷ ಬಾಯಿ ಮುಚ್ಚಿ ಕುಂತಿ. ನಾ ಬಸ್ಕಿ ಹೊಡಸ್ಲತ್ತಿದ್ದೆ, ನೀ ಮುಂದ ನಿಂತು ನೋಡ್ಲತ್ತಿದ್ದಿ. ಮ್ಯಾಲ ಇನ್ನಾ ಹತ್ತು ಮಾಡಸ್ರಿ ಅಂದಿ!"

ಮುಂದೆ ನಿಂತವರು ತಿರುಗಿ ನೋಡಿದರು. ಮಂಜುಳಾ ದನಿ ಏರಿಸಲಿಲ್ಲ.

"ನೀವು ಸೋಮಾರಿ ಅಂತ ಬೈತಿದ್ರಿ. ಸೋಮಾರಿನೇ ಆಗಿರ್ಲಿ ದೇವ್ರೇ ಅಂತ ನಾ ಬೇಡ್ಕೋತಿದ್ದೆ. ನೀವು ಬೈದಾಗೆಲ್ಲ ನಂಗ ಜೀವ ಬರ್ತಿತ್ತು. ಡಾಕ್ಟರ್ ಹೇಳಿದ್ರ ಅದು ಖರೇ ಆಗ್ತದಲ್ರಿ." ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಮತ್ತೆ ಹೇಳಿದಳು. "ಅಣ್ಣನ್ನ ಬಚ್ಚಲಕ್ಕ ಹೊತ್ಕೊಂಡು ಹೋಗ್ತಿದ್ದಾಕಿ ನಾನೇ. ಕೊನಿಗೆ ನೊಣ ಹೊಡ್ಕೊಳ್ಳಾಕೂ ಅವನ ಕೈ ಏಳ್ತಿರಲಿಲ್ಲ."

ಶಿವಕಾಂತನಿಗೆ ಅವಳ ಕೆನ್ನೆಗೆ ಬಾರಿಸಬೇಕೆನ್ನಿಸಿತು. ಅದರ ಹಿಂದೆಯೇ, ಅವಳ ಕಾಲ ಬಳಿ ಕುಸಿದು ಕೂರಬೇಕೆನ್ನಿಸಿತು. ಸಾಲು ಮುಂದೆ ಸರಿಯಿತು. ಅವನು ಚೀಟಿ ಹಿಡಿದು ಮುಂದೆ ಹೋದ.

ನಾಸಿಕ್‌ಗೆ ಹಿಂದಿರುಗುವ ಬಸ್ಸಿನಲ್ಲಿ ಹುಡುಗ ಇಬ್ಬರ ನಡುವೆ ಕೂತು ನರ್ಸು ಕೊಟ್ಟ ಸ್ಟಿಕ್ಕರುಗಳನ್ನು ಒಂದೊಂದಾಗಿ ಮುಂದಿನ ಸೀಟಿನ ಬೆನ್ನಿಗೆ ಅಂಟಿಸಿದ.

ಅಲಕಾತಾಯಿಗೆ ಅವನು ಫೋನಿನಲ್ಲಿ ತಿಳಿಸಿದ. ಇನ್ನು ಕಳಿಸುವುದಿಲ್ಲ ಎಂದ. ಆದರೆ ಭಾನುವಾರ ಬೆಳಿಗ್ಗೆ ಬಸ್ಕಿ ಇಲ್ಲದ್ದನ್ನು ಕಂಡು ಬೆರಗಾದ ಅಂಬರೀಶ, ತಾನೇ ಜರ್ಸಿ ಹಾಕಿಕೊಂಡು ಬಾಗಿಲಲ್ಲಿ ಬೂಟು ಹಿಡಿದು ಕೂತುಬಿಟ್ಟಿದ್ದ. ಬೇಡ ಎನ್ನಲು ಶಿವಕಾಂತನಿಗೆ ಕಾರಣ ಸಿಗಲಿಲ್ಲ. ಇದ್ದ ಕಾರಣ ಹೇಳುವಂಥದ್ದಾಗಿರಲಿಲ್ಲ. ಬೈಕಿನ ಮೇಲೆ ಕೂರಿಸಿಕೊಂಡು ಹೋದ.

ಅಲಕಾತಾಯಿ ಏನೂ ಕೇಳದೆ ಹುಡುಗನ ತಲೆ ಸವರಿ ಸಾಲಿನಲ್ಲಿ ಐದನೇ ಚೌಕ ತೋರಿಸಿದರು. ಅಂಬರೀಶ ಮಣ್ಣಿನಲ್ಲಿ ಕೂತು, ಒಂದು ಕೈ ನೆಲಕ್ಕೆ ಊರಿ, ಕತ್ತು ಮುಂದೆ ಚಾಚಿ ತಯಾರಾದ. ಸೀಟಿ ಮೊಳಗಿತು. ಮಕ್ಕಳು ಅತ್ತಿಂದಿತ್ತ ಓಡಿದರು. ಸುಜಿತ್ ಬಂದು ನಾಲ್ಕನೆಯವನಿಗೆ ಖೋ ಕೊಟ್ಟ. ಏಳನೆಯವಳು ಎದ್ದಳು, ಎರಡನೆಯವನು ಎದ್ದ, ಮತ್ತೆ ಏಳು, ಮತ್ತೆ ನಾಲ್ಕು. ಐದನೇ ಚೌಕದ ಹಿಂದೆ ಬಂದವರೆಲ್ಲ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡು ಮುಂದೆ ಸಾಗುತ್ತಿದ್ದರು. ಅವರಿಗೆ ಯಾರು ಏನು ಹೇಳಿದ್ದರೋ, ಅಜ್ಜ ಎಂದು ಒಬ್ಬರೂ ಕರೆಯಲಿಲ್ಲ. ಓಡುವವರು ಅವನ ಮೂಗಿನ ಮುಂದೆಯೇ ಹಾದುಹೋದರೂ ಅವನ ಬೆನ್ನನ್ನು ಯಾರೂ ಮುಟ್ಟಲಿಲ್ಲ. ಅವನು ಮಾತ್ರ ಪ್ರತಿ ಸಲ ಹೆಜ್ಜೆಯ ಸದ್ದು ಹತ್ತಿರ ಬಂದಾಗ ಭುಜ ಬಿಗಿ ಹಿಡಿದು ಕಾಯುತ್ತಿದ್ದ.

ಆಟ ಮುಗಿದಾಗ ಇಬ್ಬರು ಮಕ್ಕಳು ಎರಡು ಕಡೆಯಿಂದ ತೋಳು ಹಿಡಿದು ಅವನನ್ನು ಎಬ್ಬಿಸಿದರು. ಅಂಬರೀಶ ತುದಿಗಾಲಲ್ಲಿ ಓಲಾಡುತ್ತಾ ಗೋಡೆಯ ಹತ್ತಿರ ಬಂದ. ಮುಖ ಬೆಳಗುತ್ತಿತ್ತು.

"ಪಪ್ಪಾ, ಇವತ್ತು ನಂದು ಒಂದೂ ತಪ್ಪಿಲ್ಲ. ನೋಡ್ದಿಯಲ್ಲಾ?" ಎಂದ, ಕಷ್ಟಪಟ್ಟು ಕನ್ನಡದಲ್ಲೇ.

"ನೋಡ್ದೆ," ಎಂದ ಶಿವಕಾಂತ.

ಬಗ್ಗಿ ಮಗನ ಚಡ್ಡಿಯ ಹಿಂದೆ ಮೆತ್ತಿದ್ದ ಕೆಂಪು ಮಣ್ಣನ್ನು ಅಂಗೈಯಿಂದ ಕೊಡವಿದ. ಆಮೇಲೆ ಅವನನ್ನು ಇತ್ತ ತಿರುಗಿಸಿ ನಿಲ್ಲಿಸಿದ. ಪ್ರತಿ ಆಟದ ಮೇಲೆ ಮಣ್ಣಾಗಿರುತ್ತಿದ್ದ ಮೊಣಕಾಲುಗಳಿಗೆ ಇವತ್ತು ಒಂದು ಚೂರೂ ಮಣ್ಣು ಹತ್ತಿರಲಿಲ್ಲ.